ಗೆಳೆಯನಿಗೊಂದು ಪತ್ರ: ಇಂಕ್‌ಸ್ಟರ್‌ನ ಐವರು ಹುಡುಗಿಯರು

ಪ್ರಿಯ ರಘು,

ಡೆಟ್ರಾಯಿಟ್ ಸೇರಿದ ಮೇಲೆ ನೀನು ಕಳಿಸಿದ ಫೋಟೊಗಳಲ್ಲಿ ಕಾರು, ಹಿಮ, ಹಿಮದಲ್ಲಿ ಹೂತ ಕಾರು ಬಿಟ್ಟರೆ ಬೇರೇನೂ ಇರಲಿಲ್ಲ. ಈ ಸಲ ಮೋಟೌನ್ ಮ್ಯೂಸಿಯಂ ನೋಡಿ ಬಂದು, "ಸುಪ್ರೀಮ್ಸ್ ಗೊತ್ತು, ಈ ಮಾರ್ವಲೆಟ್ಸ್ ಯಾರು ಮಾರಾಯ?" ಎಂದು ಕೇಳಿದ್ದೀಯ. ಬದುಕಿಕೊಂಡೆ.

ಒಂದೇ ಸಾಲಿನಲ್ಲಿ ಹೇಳುವುದಾದರೆ, ಡೆಟ್ರಾಯಿಟ್‌ನ ರೆಕಾರ್ಡ್ ಕಂಪನಿ ಮೋಟೌನ್‌ಗೆ, ಅಮೆರಿಕದ ಜನಪ್ರಿಯ ಹಾಡುಗಳ ಬಿಲ್‌ಬೋರ್ಡ್ ಹಾಟ್ 100 ಪಟ್ಟಿಯಲ್ಲಿ ಮೊಟ್ಟಮೊದಲ ಬಾರಿಗೆ ಅಗ್ರಸ್ಥಾನ ತಂದುಕೊಟ್ಟ ಹುಡುಗಿಯರ ಗಾಯನ ತಂಡ ಅದು. 1961ರ ಡಿಸೆಂಬರ್‌ನಲ್ಲಿ, 'ಪ್ಲೀಸ್ ಮಿಸ್ಟರ್ ಪೋಸ್ಟ್‌ಮ್ಯಾನ್' ಹಾಡಿನಿಂದ. ನಿನಗೆ ಗೊತ್ತಿರುವ ಆ ಇನ್ನೊಂದು ಹುಡುಗಿಯರ ತಂಡ, ಸುಪ್ರೀಮ್ಸ್, ಆಗ ಅದೇ ಕಂಪನಿಯಲ್ಲಿ ಒಂದೂ ಹಾಡು ಗೆಲ್ಲದೆ ಓಡಾಡಿಕೊಂಡಿದ್ದರು. ಆದರೆ ಒಂದೇ ಸಾಲಿಗೆ ನಿಲ್ಲಿಸುವುದು ನನ್ನ ಜಾಯಮಾನವಲ್ಲ ಎಂದು ತಿಳಿದೇ ನೀನು ಕೇಳಿದ್ದೀಯ. ಅನುಭವಿಸು.

ನಿಮ್ಮ ವಿಮಾನ ನಿಲ್ದಾಣದಿಂದ ಹೆಚ್ಚು ದೂರವಿಲ್ಲದ ಇಂಕ್‌ಸ್ಟರ್ ಎಂಬ ಊರು ನಿನ್ನ ಕಣ್ಣಿಗೆ ಬಿದ್ದಿರಲಿಕ್ಕಿಲ್ಲ. ಫೋರ್ಡ್ ಕಂಪನಿಯ ದೊಡ್ಡ ಕಾರ್ಖಾನೆ ಇದ್ದದ್ದು ಪಕ್ಕದ ಡಿಯರ್‌ಬಾರ್ನ್‌ನಲ್ಲಿ. ಕಪ್ಪು ಜನ ಅಲ್ಲಿ ಬೆವರು ಸುರಿಸಬಹುದಿತ್ತು, ಮನೆ ಮಾಡುವಂತಿರಲಿಲ್ಲ. ಅಂಥ ಅನೇಕ ಕುಟುಂಬಗಳು ನೆಲೆ ಕಂಡುಕೊಂಡದ್ದು ಇಂಕ್‌ಸ್ಟರ್‌ನಲ್ಲಿ. ಅಲ್ಲಿನ ಹೈಸ್ಕೂಲಿನಲ್ಲಿ ಗ್ಲಾಡಿಸ್ ಹಾರ್ಟನ್ ಎಂಬ ಹುಡುಗಿ ಓದುತ್ತಿದ್ದಳು. ಸಾಕುಮನೆಯಲ್ಲಿ ಬೆಳೆದವಳು. ಶಾಲೆಯ ಗಾಯನ ಬಳಗದ ಗೆಳತಿಯರಾದ ಜಾರ್ಜಿಯಾನಾ ಟಿಲ್ಮನ್, ಕ್ಯಾಥರಿನ್ ಆ್ಯಂಡರ್ಸನ್, ಹ್ವಾನಿಟಾ ಕೋವರ್ಟ್ ಇವರನ್ನೂ, ಇವರಿಗಿಂತ ತುಸು ದೊಡ್ಡವಳಾದ ಜಾರ್ಜಿಯಾ ಡಾಬಿನ್ಸ್‌ಳನ್ನೂ ಕೂಡಿಸಿಕೊಂಡು ಅವಳು ಒಂದು ತಂಡ ಕಟ್ಟಿದಳು. ತಮಗೆ ಇನ್ನೂ ಹಾಡಲು ಬರುವುದಿಲ್ಲ ಎಂದು ತಮ್ಮನ್ನೇ ಗೇಲಿ ಮಾಡಿಕೊಂಡು, 'ಕಾಂಟ್ ಸಿಂಗ್ ಯೆಟ್' ಎಂಬ ಇಂಗ್ಲಿಷ್ ಮಾತನ್ನೇ ಕೂಡಿಸಿ 'ಕ್ಯಾಸಿನ್ಯೆಟ್ಸ್' ಎಂದು ಹೆಸರಿಟ್ಟುಕೊಂಡಿದ್ದರು.

1961ರಲ್ಲಿ ಶಾಲೆಯಲ್ಲಿ ಪ್ರತಿಭಾ ಸ್ಪರ್ಧೆ ನಡೆಯಿತು. ಮೊದಲ ಮೂರು ಸ್ಥಾನ ಪಡೆದವರಿಗೆ ಮೋಟೌನ್‌ನಲ್ಲಿ ಹಾಡಿ ತೋರಿಸುವ ಅವಕಾಶ. ಈ ಹುಡುಗಿಯರಿಗೆ ಬಂದದ್ದು ನಾಲ್ಕನೆಯ ಸ್ಥಾನ! ಅಲ್ಲಿಗೆ ಕತೆ ಮುಗಿಯಬೇಕಿತ್ತು. ಆದರೆ ಶಿಕ್ಷಕಿಯೊಬ್ಬರು ಪಟ್ಟು ಹಿಡಿದು ಇವರ ಹೆಸರನ್ನೂ ಸೇರಿಸಿದರು. ಅಮೆರಿಕದ ಪಾಪ್ ಸಂಗೀತದ ಚರಿತ್ರೆ ಬರೆಯುವವರು ಆ ಶಿಕ್ಷಕಿಗೆ ಒಂದು ಅಧ್ಯಾಯವನ್ನೇ ಕೊಡಬೇಕು ಎಂದು ನನ್ನ ಹಟ.

ಮೋಟೌನ್‌ನಲ್ಲಿ ಹುಡುಗಿಯರು ಆಗ ರೇಡಿಯೊದಲ್ಲಿ ಜನಪ್ರಿಯವಾಗಿದ್ದ ಬೇರೆ ತಂಡಗಳ ಹಾಡುಗಳನ್ನು ಹಾಡಿದರು. ಕೇಳಿದವರಿಗೆ ಹಿಡಿಸಿತು, ಆದರೆ ನಿಮ್ಮದೇ ಒಂದು ಹಾಡು ತನ್ನಿ ಎಂದು ಹೇಳಿ ಕಳಿಸಿದರು. ಹೈಸ್ಕೂಲ್ ಹುಡುಗಿಯರು ಸ್ವಂತ ಹಾಡನ್ನು ಎಲ್ಲಿಂದ ತಂದಾರು? ಜಾರ್ಜಿಯಾ ಡಾಬಿನ್ಸ್ ತನ್ನ ಪರಿಚಯದ ವಿಲಿಯಂ ಗ್ಯಾರೆಟ್ ಎಂಬ ಹಾಡುಗಾರನ ಬಳಿ ಹೋದಳು. ಅವನ ಹತ್ತಿರ ಅಂಚೆಯವನನ್ನು ಕುರಿತ ಒಂದು ಬ್ಲೂಸ್ ಹಾಡಿತ್ತು. ಅದರ ಶೀರ್ಷಿಕೆಯನ್ನು ಉಳಿಸಿಕೊಂಡು, ಉಳಿದದ್ದನ್ನು ರಾತ್ರಿ ಕುಳಿತು ತನ್ನ ವಯಸ್ಸಿನ ಹುಡುಗಿಯೊಬ್ಬಳ ಮಾತಾಗಿ ಹೊಸದಾಗಿ ಬರೆದಳು. ಪ್ರಿಯಕರನ ಕಾಗದಕ್ಕಾಗಿ ಕಾದು ಬೇಸತ್ತವಳು, ಮನೆ ದಾಟಿ ಹೋಗುತ್ತಿರುವ ಅಂಚೆಯಣ್ಣನನ್ನು ತಡೆದು, ಚೀಲದಲ್ಲಿ ಇನ್ನೊಮ್ಮೆ ನೋಡು ಎಂದು ಅಂಗಲಾಚುತ್ತಾಳೆ. ಹಾಡಿನ ಕತೆ ಇಷ್ಟೇ.

ಒಪ್ಪಂದಕ್ಕೆ ಸಹಿ ಹಾಕುವ ಹೊತ್ತು ಬಂದಾಗ ಜಾರ್ಜಿಯಾಳ ಅಪ್ಪ ಖಡಾಖಂಡಿತವಾಗಿ ಬೇಡವೆಂದರು. ತಾಯಿ ಹಾಸಿಗೆ ಹಿಡಿದಿದ್ದರು. ಮನೆಯನ್ನು ನೋಡಿಕೊಳ್ಳಬೇಕಾದ ಮಗಳು ನೈಟ್‌ಕ್ಲಬ್ಬುಗಳಲ್ಲಿ ಹಾಡುತ್ತಾ ತಿರುಗುವುದೇ? ಆ ಅಪ್ಪನನ್ನು ಬೈಯಬೇಕೆಂದು ಪೆನ್ನು ಎತ್ತಿಕೊಂಡೆ, ಆದರೆ ಮಲಗಿದಲ್ಲೇ ಇರುವ ತಾಯಿಯ ನೆನಪಾಗಿ ಕೆಳಗಿಟ್ಟೆ. ಹಾಡಿನ ಹಕ್ಕುದಾರರ ಸಾಲಿನಲ್ಲಿ ಜಾರ್ಜಿಯಾಳ ಹೆಸರು ಉಳಿಯಿತು, ತಂಡದಲ್ಲಿ ಅವಳು ಉಳಿಯಲಿಲ್ಲ. ಅವಳ ಜಾಗಕ್ಕೆ ವಾಂಡಾ ಯಂಗ್ ಬಂದಳು. ಮುಖ್ಯ ದನಿಯ ಹೊಣೆ ಗ್ಲಾಡಿಸ್‌ಳ ಹೆಗಲಿಗೆ ಬಿತ್ತು. ಅವಳಿಗೆ ಆಗ 16. ಮೋಟೌನ್ ಒಡೆಯ ಬೆರಿ ಗಾರ್ಡಿ ತಂಡಕ್ಕೆ ಮಾರ್ವಲೆಟ್ಸ್ ಎಂದು ಮರುನಾಮಕರಣ ಮಾಡಿದ. ಈ ಮರುನಾಮಕರಣದ ವಿಷಯವನ್ನು ಮನಸ್ಸಿನಲ್ಲಿಟ್ಟುಕೊ, ಮುಂದೆ ಬೇಕಾಗುತ್ತದೆ.

ನೀನು ನೋಡಿ ಬಂದ ಆ ಪುಟ್ಟ ಸ್ಟುಡಿಯೊದಲ್ಲೇ ಧ್ವನಿಮುದ್ರಣ ನಡೆಯಿತು. ಮೋಟೌನ್‌ನ ಬ್ರಯನ್ ಹಾಲೆಂಡ್ ಮತ್ತು ರಾಬರ್ಟ್ ಬೇಟ್‌ಮನ್ ಹಾಡನ್ನು ತಿದ್ದಿ ತೀಡಿದರು. ಅದಕ್ಕೆ ಕೈಜೋಡಿಸಿದ ಇನ್ನೊಬ್ಬ ಫ್ರೆಡಿ ಗಾರ್ಮನ್. ಹಗಲಿನಲ್ಲಿ ಅವನ ಕೆಲಸ ಮನೆಮನೆಗೆ ಅಂಚೆ ಹಂಚುವುದು! ಡ್ರಮ್ಸ್ ಬಾರಿಸಿದ್ದು ಮುಂದೆ ದೊಡ್ಡ ಗಾಯಕನಾದ, ಆಗಿನ್ನೂ ಹೆಸರು ಮಾಡಿರದ ಮಾರ್ವಿನ್ ಗೇ. ಈ ಪತ್ರ ಓದುವುದನ್ನು ಇಲ್ಲಿಗೆ ನಿಲ್ಲಿಸಿ ಹಾಡನ್ನು ಒಮ್ಮೆ ಕೇಳು. ಶುರುವಿನಲ್ಲೇ ಉಳಿದವರು ಚಪ್ಪಾಳೆಯೊಂದಿಗೆ ಅಂಚೆಯವನನ್ನು ತಡೆದು ನಿಲ್ಲಿಸುತ್ತಾರೆ. ಆಮೇಲೆ ಗ್ಲಾಡಿಸ್‌ಳ ದನಿ ಬರುತ್ತದೆ. ತುಸು ಒರಟು, ಗಂಟಲಿನ ಅಂಚಿನಲ್ಲಿ ಸಣ್ಣ ಬಿರುಕು. ನಯವಾಗಿ ಹಾಡಬಲ್ಲವರು ಮೋಟೌನ್‌ನಲ್ಲಿ ಬೇಕಾದಷ್ಟು ಜನರಿದ್ದರು. ನಿಜವಾಗಿಯೂ ಕಾಗದಕ್ಕಾಗಿ ಕಾಯುತ್ತಿದ್ದಾಳೆ ಎಂದು ನಂಬಿಸಿದವಳು ಇವಳು.

ಹಾಡು ಗೆದ್ದ ಮೇಲಿನ ಕತೆ ನನಗೆ ಇನ್ನೂ ಮುಖ್ಯ. ಹಾಡಿನ ಹೆಸರನ್ನೇ ಹೊತ್ತು ಮೊದಲ ಎಲ್‌ಪಿ ಬಂತಲ್ಲ, ಅದರ ಮುಖಪುಟ ಹುಡುಕಿ ನೋಡು. ದೇಶಕ್ಕೆ ದೇಶವೇ ಗುನುಗುತ್ತಿರುವ ಹಾಡು, ಹಾಡಿದ ಐವರಲ್ಲಿ ಒಬ್ಬಳ ಮುಖವೂ ಅದರಲ್ಲಿಲ್ಲ. ಇರುವುದು ಜೇಡರ ಬಲೆ ಕಟ್ಟಿದ ಒಂದು ಅಂಚೆಪೆಟ್ಟಿಗೆಯ ಚಿತ್ರ. ಕಪ್ಪು ಮುಖವಿದ್ದರೆ ಬಿಳಿಯರ ಅಂಗಡಿಗಳಲ್ಲಿ ರೆಕಾರ್ಡ್ ಖರ್ಚಾಗುವುದಿಲ್ಲ ಎಂಬ ಅಳುಕು ಆಗಿನ ರೆಕಾರ್ಡ್ ವ್ಯಾಪಾರಿಗಳಿಗೆ ಇದ್ದೇ ಇತ್ತು.

ಹುಡುಗಿಯರು ಶಾಲೆ ಬಿಟ್ಟು ಊರೂರು ತಿರುಗತೊಡಗಿದರು. 1962ರ ಕೊನೆಯಲ್ಲಿ ಮೋಟೌನ್ ತನ್ನ ಕಲಾವಿದರನ್ನೆಲ್ಲ ಬಸ್ಸಿಗೆ ತುಂಬಿ ದಕ್ಷಿಣದ ರಾಜ್ಯಗಳಿಗೆ ಕಳಿಸಿತು. ಕಪ್ಪು ಜನರಿಗೆ ಹೋಟೆಲ್ ಕೋಣೆ ಸಿಗದ, ಪೆಟ್ರೋಲ್ ಬಂಕಿನಲ್ಲಿ ಶೌಚಾಲಯದ ಬಾಗಿಲು ತೆರೆಯದ ಸೀಮೆ ಅದು. ಅಲಬಾಮಾದ ಬರ್ಮಿಂಗ್‌ಹ್ಯಾಮ್‌ನಲ್ಲಿ ಆ ಬಸ್ಸಿನ ಮೇಲೆ ಗುಂಡು ಹಾರಿತು. ಆ ಕಾಲದಲ್ಲಿ ವಾಂಡಾ ಬಾಣಂತನಕ್ಕೆ ರಜೆ ಹಾಕಿದಾಗ ಅವಳ ಬದಲಿಗೆ ಕೆಲವು ದಿನ ಹಾಡಿದವಳು ಯಾರು ಗೊತ್ತೇ? ಸುಪ್ರೀಮ್ಸ್ ತಂಡದ ಫ್ಲಾರೆನ್ಸ್ ಬ್ಯಾಲರ್ಡ್. ಈಗ ಎರಡು ತಂಡಗಳನ್ನು ಹಾವು ಮುಂಗುಸಿಯಂತೆ ಚಿತ್ರಿಸುವವರು ಈ ಸಂಗತಿಯನ್ನು ಮರೆತೇಬಿಡುತ್ತಾರೆ.

ಮೊದಲು ಕುಸಿದವಳು ಹ್ವಾನಿಟಾ. 'ಅಮೆರಿಕನ್ ಬ್ಯಾಂಡ್‌ಸ್ಟ್ಯಾಂಡ್' ಎಂಬ ಟೀವಿ ಕಾರ್ಯಕ್ರಮದಲ್ಲಿ ನಿಮ್ಮ ಊರು ಎಲ್ಲಿ ಎಂದು ಕೇಳಿದ್ದಕ್ಕೆ ಗಾಬರಿಯಲ್ಲಿ, ಡೆಟ್ರಾಯಿಟ್ ನಗರವು ಇಂಕ್‌ಸ್ಟರ್‌ನ ಹೊರವಲಯ ಎಂದುಬಿಟ್ಟಳಂತೆ. ನನಗಂತೂ ಇದು ಊರಭಿಮಾನದ ಪರಾಕಾಷ್ಠೆಯಾಗಿ ಕಾಣುತ್ತದೆ. ಆದರೆ ಆ ಮಾತನ್ನು ಹಿಡಿದುಕೊಂಡು ಸುತ್ತಲಿನವರು ಅವಳನ್ನು ಬಿಡದೆ ಗೇಲಿ ಮಾಡಿದರು. ಬಿಡುವಿಲ್ಲದ ತಿರುಗಾಟ, ನಿದ್ದೆಗೇಡು, ಮೇಲೆ ಇದು. ಮನಸ್ಸಿನ ಆರೋಗ್ಯ ಕೆಟ್ಟು 1963ರಲ್ಲಿ ಅವಳು ತಂಡ ಬಿಟ್ಟಳು. ಜಾರ್ಜಿಯಾನಾಗೆ ಹುಟ್ಟಿನಿಂದ ಸಿಕಲ್ ಸೆಲ್ ರಕ್ತಹೀನತೆ, ಆಮೇಲೆ ದೇಹದ ರೋಗನಿರೋಧಕ ಶಕ್ತಿಯೇ ದೇಹದ ಮೇಲೆ ತಿರುಗಿಬೀಳುವ ಲೂಪಸ್ ಕಾಯಿಲೆಯೂ ಅಂಟಿಕೊಂಡಿತು. 1965ರಲ್ಲಿ ಹಾಡುವುದನ್ನು ಬಿಟ್ಟು, ಅದೇ ಮೋಟೌನ್ ಕಚೇರಿಯಲ್ಲಿ ಕಾರ್ಯದರ್ಶಿಯಾಗಿ ಕೆಲಸಕ್ಕೆ ಕುಳಿತಳು. ತಾನೇ ಮೊದಲ ಗೆಲುವು ತಂದುಕೊಟ್ಟ ಕಂಪನಿಯಲ್ಲಿ ಟೈಪ್ ಮಾಡುತ್ತಾ ಕುಳಿತ ಅವಳನ್ನು ನೆನೆದರೆ ನನಗೆ ಹೇಗೋ ಆಗುತ್ತದೆ. ನಲವತ್ತು ತುಂಬುವ ಮೊದಲೇ, 1980ರಲ್ಲಿ, ಹೋಗಿಬಿಟ್ಟಳು.

ಇನ್ನು ಎಲ್ಲರೂ ಬಾಯಿ ಚಪ್ಪರಿಸಿ ಹೇಳುವ ಕತೆ: 1964ರಲ್ಲಿ 'ವೇರ್ ಡಿಡ್ ಅವರ್ ಲವ್ ಗೋ' ಎಂಬ ಹಾಡು ಮೊದಲು ಮಾರ್ವಲೆಟ್ಸ್ ಮುಂದೆ ಬಂತು, ಅವರು ಮೂಗು ಮುರಿದರು, ಸುಪ್ರೀಮ್ಸ್ ಒಲ್ಲದ ಮನಸ್ಸಿನಿಂದ ಹಾಡಿ ಅಗ್ರಸ್ಥಾನಕ್ಕೇರಿದರು. ಹಾಡು ಕಟ್ಟಿದವರಲ್ಲಿ ಒಬ್ಬನಾದ ಲಮಾಂಟ್ ಡೋಜಿಯರ್ ಹೇಳಿದ ಪ್ರಕಾರ, ವಾದ್ಯಗಳನ್ನು ಗ್ಲಾಡಿಸ್‌ಳ ಶ್ರುತಿಗೆ ಮುದ್ರಿಸಿಕೊಂಡಾಗಿತ್ತು. ಸುಪ್ರೀಮ್ಸ್‌ನ ಮುಖ್ಯ ಗಾಯಕಿ ಡಯಾನಾ ರಾಸ್ ತನ್ನ ರೂಢಿಗಿಂತ ಕೆಳಗಿನ ಸ್ಥಾಯಿಯಲ್ಲಿ ಹಾಡಬೇಕಾಯಿತು, ಆ ತಗ್ಗಿದ ದನಿಯೇ ಅವಳ ಗುರುತಾಯಿತು. ಕತೆಯೇನೋ ರುಚಿಯಾಗಿದೆ. ಆದರೆ ಒಂದು ಹಾಡನ್ನು ಬೇಡವೆಂದದ್ದರಿಂದ ಒಂದು ತಂಡ ಮುಳುಗಿತು ಎಂಬುದನ್ನು ನಾನು ಒಪ್ಪುವುದಿಲ್ಲ.

ಮಾರ್ವಲೆಟ್ಸ್ ಗೆದ್ದದ್ದು ತೀರ ಬೇಗ. 1961ರಲ್ಲಿ ಮೋಟೌನ್‌ಗೆ ಗೆದ್ದವರನ್ನು ಏನು ಮಾಡಬೇಕೆಂದೇ ಗೊತ್ತಿರಲಿಲ್ಲ. ತಕ್ಷಣ ಮಾಡಿದ್ದೇನು? 'ಟ್ವಿಸ್ಟಿನ್ ಪೋಸ್ಟ್‌ಮ್ಯಾನ್' ಎಂದು ಅದೇ ಅಂಚೆಯವನನ್ನು ಕುಣಿಸಿ ಇನ್ನೊಂದು ಹಾಡು. ಅದು ಅರ್ಧ ದಾರಿಯಲ್ಲೇ ಉಸಿರು ಬಿಟ್ಟಿತು. ನಡೆ ನುಡಿ ಕಲಿಸುವ ಮ್ಯಾಕ್ಸಿನ್ ಪವೆಲ್, ಕುಣಿತ ಕಲಿಸುವ ಚೋಲಿ ಆ್ಯಟ್‌ಕಿನ್ಸ್ ಇವರೆಲ್ಲ ಪಾಠ ಶುರು ಮಾಡಿದ್ದು ಆಮೇಲೆ. ನೀನು ಕಣ್ಣರಳಿಸಿ ನೋಡಿದ ಮಿರುಗುವ ಗೌನುಗಳಿಗೆ ಕಂಪನಿ ಧಾರಾಳವಾಗಿ ಖರ್ಚು ಮಾಡಿದ್ದೂ ಆಮೇಲೆಯೇ. ಆ ಹೊತ್ತಿಗೆ ಇಂಕ್‌ಸ್ಟರ್‌ನ ಹುಡುಗಿಯರು ಒಂದು ಸುತ್ತು ದಣಿದಾಗಿತ್ತು. ದಾರಿ ಕಡಿದವರು ಇವರು, ಅದರ ಮೇಲೆ ಕಾರು ಓಡಿಸಿದವರು ಬೇರೆಯವರು.

ದುಡ್ಡಿನ ಲೆಕ್ಕ ಇನ್ನೂ ಸೊಗಸು. ಮೋಟೌನ್ ರೆಕಾರ್ಡ್ ಕಂಪನಿಯೂ ಹೌದು, ಕಲಾವಿದರ ವ್ಯವಹಾರ ನೋಡಿಕೊಳ್ಳುವ ಮ್ಯಾನೇಜರೂ ಹೌದು, ಜೊಬೆಟೆ ಎಂಬ ಹೆಸರಿನಲ್ಲಿ ಹಾಡುಗಳ ಪ್ರಕಾಶಕನೂ ಹೌದು. ಕಂಪನಿಯ ಜೊತೆ ಚೌಕಾಸಿ ಮಾಡಬೇಕಾದ ಮ್ಯಾನೇಜರ್ ಕಂಪನಿಯ ಆಸಾಮಿಯೇ ಆದರೆ ಹದಿನಾರರ ಹುಡುಗಿಯ ಪರವಾಗಿ ಮಾತಾಡುವವರು ಯಾರು? ಇನ್ನೂ ಒಂದು ವಿಷಯ ನಿನಗೆ ತಿಳಿದಿರಲಿ. ಅಮೆರಿಕದ ಎಫ್‌ಎಂ ರೇಡಿಯೊದಲ್ಲಿ ಹಾಡು ಬಂದಾಗಲೆಲ್ಲ ಬರೆದವರಿಗೂ ಪ್ರಕಾಶಕರಿಗೂ ಹಣ ಸಲ್ಲುತ್ತದೆ, ಹಾಡಿದವರಿಗೆ ಇಂದಿಗೂ ಬಿಡಿಗಾಸಿಲ್ಲ. ನಮ್ಮಲ್ಲಿಯೂ 2012ರ ಹಕ್ಕುಸ್ವಾಮ್ಯ ತಿದ್ದುಪಡಿ ಬರುವ ತನಕ ಗಾಯಕರ ಪಾಡು ಇದಕ್ಕಿಂತ ಉತ್ತಮವಾಗಿರಲಿಲ್ಲ, ಬಿಡು. 1963ರಲ್ಲಿ ಬೀಟಲ್ಸ್ 'ಪೋಸ್ಟ್‌ಮ್ಯಾನ್' ಹಾಡನ್ನು ತಮ್ಮ ಎರಡನೆಯ ಆಲ್ಬಮ್ಮಿಗೆ ಹಾಡಿಕೊಂಡರು, 1975ರಲ್ಲಿ ಕಾರ್ಪೆಂಟರ್ಸ್ ಅದನ್ನೇ ಮತ್ತೆ ಅಗ್ರಸ್ಥಾನಕ್ಕೇರಿಸಿದರು. ಅದರ ಆದಾಯದಲ್ಲಿ ಗ್ಲಾಡಿಸ್‌ಳ ಕಂಠಕ್ಕೆ ಪಾಲಿರಲಿಲ್ಲ.

ಹಾಗೆಂದು ಒಂದೇ ಹಾಡಿನವರು ಎಂದುಕೊಳ್ಳಬೇಡ. 1966ರಲ್ಲಿ, ಮೋಟೌನ್‌ನ ಗಾಯಕ, ಗೀತರಚನಕಾರ ಸ್ಮೋಕಿ ರಾಬಿನ್ಸನ್ ವಾಂಡಾಳ ಮೃದು ದನಿಗೆಂದೇ ಬರೆದ 'ಡೋಂಟ್ ಮೆಸ್ ವಿತ್ ಬಿಲ್' ಏಳನೆಯ ಸ್ಥಾನಕ್ಕೆ ಬಂತು. ಮರುವರ್ಷದ 'ದಿ ಹಂಟರ್ ಗೆಟ್ಸ್ ಕ್ಯಾಪ್ಚರ್ಡ್ ಬೈ ದಿ ಗೇಮ್' ನನ್ನ ಪ್ರಕಾರ ಅವರ ಅತ್ಯುತ್ತಮ ಹಾಡು, ಇದರಲ್ಲಿ ವಾದಕ್ಕೆ ಅವಕಾಶವಿಲ್ಲ. ಆ ವರ್ಷವೇ ಗ್ಲಾಡಿಸ್ ತಂಡ ಬಿಟ್ಟು ಸಂಸಾರದ ಕಡೆಗೆ ತಿರುಗಿದಳು. 1970ರಲ್ಲಿ 'ರಿಟರ್ನ್ ಆಫ್ ದಿ ಮಾರ್ವಲೆಟ್ಸ್' ಎಂಬ ಆಲ್ಬಮ್ ಬಂತು; ಅದರಲ್ಲಿ ಮೊದಲಿನವರ ಪೈಕಿ ಹಾಡಿದ್ದು ವಾಂಡಾ ಒಬ್ಬಳೇ. ಮುಖಪುಟದ ಫೋಟೊಗೆ ನಿಲ್ಲಲು ಕ್ಯಾಥರಿನ್ ಒಪ್ಪಲಿಲ್ಲ. ತಾನು ಹಾಡದ ಹಾಡಿಗೆ ತನ್ನ ಮುಖವೇಕೆ ಎಂಬ ಅವಳ ನಿಲುವಿಗೆ ನನ್ನ ಸಲಾಂ.

ಮರುನಾಮಕರಣದ ವಿಷಯಕ್ಕೆ ಬರುತ್ತೇನೆ. ಹೆಸರಿಟ್ಟವನು ಗಾರ್ಡಿ, ಹಾಗಾಗಿ ಹೆಸರಿನ ಮೇಲೆ ಹುಡುಗಿಯರಿಗೆ ಹಿಡಿತವಿರಲಿಲ್ಲ. ತಂಡ ಚದುರಿದ ಮೇಲೆ ಆ ಹೆಸರಿನ ಹಕ್ಕು ಕಾರ್ಯಕ್ರಮ ಸಂಘಟಕನೊಬ್ಬನ ಕೈಸೇರಿತು. ಆತ ಯಾರ್‍ಯಾರನ್ನೋ ಗೊತ್ತುಮಾಡಿ, 'ಮಾರ್ವಲೆಟ್ಸ್' ಎಂದು ವೇದಿಕೆಗೆ ಹತ್ತಿಸಿದ. 1961ರಲ್ಲಿ ಹುಟ್ಟಿಯೇ ಇರದವರೂ ಅಂಥ ತಂಡಗಳಲ್ಲಿ 'ಪೋಸ್ಟ್‌ಮ್ಯಾನ್' ಹಾಡಿದರು. ಇತ್ತ ನಿಜವಾದ ಗ್ಲಾಡಿಸ್ ವೇದಿಕೆಗೆ ಮರಳಲು ಹೊರಟರೆ, ತನ್ನದೇ ತಂಡದ ಹೆಸರು ಹೇಳಿಕೊಳ್ಳಲು ಕಾನೂನಿನ ಅಡ್ಡಿ. ಅವಳೂ ಕ್ಯಾಥರಿನ್ನಳೂ ವರ್ಷಗಟ್ಟಲೆ ಇದಕ್ಕಾಗಿ ಗುದ್ದಾಡಿದರು. ಇಂಥ ನಕಲಿ ತಂಡಗಳ ವಿರುದ್ಧ ಕಾನೂನು ತರಲು ರಾಜ್ಯದಿಂದ ರಾಜ್ಯಕ್ಕೆ ಓಡಾಡಿದವರಲ್ಲಿ ಸುಪ್ರೀಮ್ಸ್‌ನ ಮೇರಿ ವಿಲ್ಸನ್ ಮುಖ್ಯಳು. ಮೂವತ್ತಕ್ಕೂ ಹೆಚ್ಚು ರಾಜ್ಯಗಳಲ್ಲಿ ಅಂಥ ಕಾನೂನು ಬಂದಿದೆ. ಗ್ಲಾಡಿಸ್ 2011ರಲ್ಲಿ ತೀರಿಕೊಂಡಳು. ಆಮೇಲೆ, ದೊಡ್ಡ ಸಂಗೀತಗಾರರನ್ನು ಆರಿಸಿ ಗೌರವಿಸುವ ರಾಕ್ ಆ್ಯಂಡ್ ರೋಲ್ ಹಾಲ್ ಆಫ್ ಫೇಮ್ ಎರಡು ಸಲ ತಂಡದ ಹೆಸರನ್ನು ಮತಕ್ಕೆ ಹಾಕಿತು, ಎರಡು ಸಲವೂ ಆರಿಸಲಿಲ್ಲ. ವಾಂಡಾ 2021ರಲ್ಲಿ, ಕ್ಯಾಥರಿನ್ 2023ರಲ್ಲಿ ಹೋದರು. ಆ ಹಾಲ್‌ನವರಿಗೆ ನಾನು ಏನೆನ್ನುತ್ತೇನೆ ಎಂಬುದನ್ನು ಈ ಪತ್ರ ನಾಲ್ಕು ಜನ ಓದುವುದರಿಂದ ಇಲ್ಲಿ ಬರೆಯುವುದಿಲ್ಲ.

ಈಗ ನಿನಗೊಂದು ಕೆಲಸ. ಅವರ 1967ರ ಎಲ್‌ಪಿ ಒಂದಿದೆ, ತಂಡದ ಹೆಸರೇ ಅದರ ಹೆಸರು, ಅಭಿಮಾನಿಗಳು 'ಪಿಂಕ್ ಆಲ್ಬಮ್' ಎನ್ನುತ್ತಾರೆ. ನಿಮ್ಮ ಕಡೆಯ ಹಳೆಯ ರೆಕಾರ್ಡ್ ಅಂಗಡಿಗಳಲ್ಲಿ ವಿಚಾರಿಸು. ಗೀರು ಬಿದ್ದಿದ್ದರೂ ಚಿಂತೆಯಿಲ್ಲ, ಹೊದಿಕೆ ಹರಿದಿದ್ದರೆ ಬೇಡ. ಮುಂದಿನ ಸಲ ಊರಿಗೆ ಬರುವಾಗ ಚಾಕೊಲೇಟು, ಬಾದಾಮಿ ಪೊಟ್ಟಣಗಳನ್ನೆಲ್ಲ ಅತ್ತಿಗೆಯ ಸೂಟ್‌ಕೇಸಿಗೆ ಹಾಕಿ, ಇದನ್ನು ಮಾತ್ರ ನಿನ್ನ ಕೈಚೀಲದಲ್ಲಿಟ್ಟುಕೊಂಡು ಬಾ. ದುಡ್ಡು ಎಷ್ಟಾಯಿತೆಂದು ಬರೆ, ಕೊಡುತ್ತೇನೆ. ಹಳೆಯ ಬಾಕಿಯನ್ನು ಇದಕ್ಕೆ ಸೇರಿಸಬೇಡ.

ನಿನ್ನ,
ಶ್ರೀಧರ