ಪರ–ವಿರೋಧದ ಆಚೆಗಿನ ಕೌಂಟರ್‌ಪಾಯಿಂಟ್

ಮಾನ್ಯ ಸಂಪಾದಕರಿಗೆ,

ನಮಸ್ಕಾರಗಳು. ಕಳೆದ ಭಾನುವಾರದ ಪುರವಣಿಯ ಲೇಖನವೊಂದರಲ್ಲಿ, ಒಂದೇ ವಿಷಯದ ಬಗ್ಗೆ ಇಬ್ಬರು ಬರೆದ ಪರ ಮತ್ತು ವಿರೋಧದ ಬರಹಗಳನ್ನು ಅಕ್ಕಪಕ್ಕ ಅಚ್ಚು ಮಾಡುವ ಪದ್ಧತಿಯನ್ನು ಪಾಶ್ಚಾತ್ಯ ಸಂಗೀತದ ಕೌಂಟರ್‌ಪಾಯಿಂಟ್‌ಗೆ ಹೋಲಿಸಲಾಗಿತ್ತು. ಸಂಗೀತದ ವಿಚಾರವೊಂದು ಹೀಗೆ ಸಾರ್ವಜನಿಕ ಚರ್ಚೆಯ ಪುಟಕ್ಕೆ ಬಂದದ್ದು ಸಂತೋಷದ ಸಂಗತಿ. ಆದರೆ ಮಕ್ಕಳಿಗೆ ಪಿಯಾನೊ ಕಲಿಸುತ್ತ, ಕರ್ನಾಟಕ ಸಂಗೀತವನ್ನು ಕೇಳುತ್ತ ಬಂದಿರುವ ನನಗೆ ಆ ಹೋಲಿಕೆಯಲ್ಲಿ ಕೌಂಟರ್‌ಪಾಯಿಂಟಿನ ಜೀವಾಳವೇ ಬಿಟ್ಟುಹೋಗಿದೆ ಅನ್ನಿಸಿದ್ದರಿಂದ ಈ ಪತ್ರವನ್ನು ಬರೆಯುತ್ತಿದ್ದೇನೆ. ಸ್ವಲ್ಪ ದೀರ್ಘವಾದರೂ ದಯವಿಟ್ಟು ಪ್ರಕಟಿಸಬೇಕೆಂದು ಕೋರುತ್ತೇನೆ.

ಕೌಂಟರ್‌ಪಾಯಿಂಟಿನಲ್ಲಿ ಎರಡೋ ಮೂರೋ ನಾಲ್ಕೋ ದನಿಗಳು ಏಕಕಾಲಕ್ಕೆ ಸಾಗುತ್ತವೆ. ಅವುಗಳಲ್ಲಿ ಯಾವುದೇ ಒಂದನ್ನು ಬೇರೆ ತೆಗೆದು ಹಾಡಿದರೂ ಅದು ತನ್ನಷ್ಟಕ್ಕೆ ಏರಿಳಿತ, ಉಸಿರು, ನಿಲುಗಡೆಗಳುಳ್ಳ ಹಾಡಾಗಿ ನಿಲ್ಲಬೇಕು. ಒಂದು ಮುಖ್ಯ, ಉಳಿದವು ಅದಕ್ಕೆ ಪಕ್ಕವಾದ್ಯ ಎಂಬ ಭೇದ ಅಲ್ಲಿಲ್ಲ. ಷರತ್ತು ಇಷ್ಟೇ ಆಗಿದ್ದರೆ ಅಕ್ಕಪಕ್ಕದ ಎರಡು ಮನೆಗಳ ರೇಡಿಯೊ ಒಟ್ಟಿಗೆ ಕಿವಿಗೆ ಬಿದ್ದಾಗಲೂ ಅದನ್ನು ಕೌಂಟರ್‌ಪಾಯಿಂಟ್ ಎಂದೇ ಕರೆಯಬೇಕಾಗುತ್ತಿತ್ತು. ಎರಡನೆಯ ಷರತ್ತು ಹೆಚ್ಚು ಕಠಿಣವಾದದ್ದು: ಒಂದು ದನಿಯ ಪ್ರತಿ ಸ್ವರವೂ ಆ ಗಳಿಗೆಯಲ್ಲಿ ಇನ್ನೊಂದು ದನಿ ಎಲ್ಲಿದೆ, ಎಲ್ಲಿಂದ ಬಂತು, ಎತ್ತ ಹೊರಟಿದೆ ಎಂಬುದನ್ನು ಬಲ್ಲ ಸ್ವರವಾಗಿರಬೇಕು. ಸ್ವಾತಂತ್ರ್ಯವೂ ಹೊಣೆಯೂ ಒಂದೇ ಮಾತ್ರೆಯಲ್ಲಿ ಕೂಡಿ ಬರುವ ಈ ಶಿಸ್ತೇ ಅದರ ತಿರುಳು.

ಜರ್ಮನ್ ಸಂಯೋಜಕ ಯೋಹಾನ್ ಸೆಬಾಸ್ಟಿಯನ್ ಬಾಖ್ (1685–1750) ಬರೆದ ಎರಡು ದನಿಗಳ 15 ‘ಇನ್ವೆನ್ಷನ್’ಗಳಲ್ಲಿ (ಅಭ್ಯಾಸಕ್ಕಾಗಿ ಬರೆದ ಕಿರು ರಚನೆಗಳಲ್ಲಿ) ಮೊದಲನೆಯದನ್ನು ನೋಡಿದರೆ ಇದು ಸ್ಪಷ್ಟವಾಗುತ್ತದೆ. ಹಿರಿಯ ಮಗನ ಅಭ್ಯಾಸದ ಪುಸ್ತಕದಲ್ಲಿ ಮೊದಲು ಬರೆದುಕೊಟ್ಟ ಈ ರಚನೆಗಳನ್ನು ಬಾಖ್ 1723ರಲ್ಲಿ ಶುದ್ಧಪ್ರತಿ ಮಾಡಿದ. ಎರಡು ದನಿಗಳನ್ನು ಸ್ಪಷ್ಟವಾಗಿ ನುಡಿಸಲು, ಮುಂದೆ ಮೂರು ದನಿಗಳನ್ನು ಸರಿಯಾಗಿ ನಿಭಾಯಿಸಲು, ಎಲ್ಲಕ್ಕಿಂತ ಹೆಚ್ಚಾಗಿ ಹಾಡುವಂತೆ ನುಡಿಸಲು ಕಲಿಸುವುದು ತನ್ನ ಉದ್ದೇಶವೆಂದು ಅದರ ಮುಖಪುಟದಲ್ಲೇ ಹೇಳಿಕೊಂಡಿದ್ದಾನೆ. ಮೊದಲ ಇನ್ವೆನ್ಷನ್ ಇರುವುದು ಸಿ ಮೇಜರ್‌ನಲ್ಲಿ. ಸ್ವರಸ್ಥಾನಗಳ ಲೆಕ್ಕದಲ್ಲಿ ಅದು ನಮ್ಮ ಧೀರಶಂಕರಾಭರಣ ರಾಗ. ಬಲಗೈ ಒಂಟಿಯಾಗಿ, ವೇಗವಾಗಿ, ‘ಸ ರಿ ಗ ಮ ರಿ ಗ ಸ’ ಎಂದು ಆರಂಭಿಸುತ್ತದೆ. ಬಳಿಕ ‘ಪ ಸ ನಿ ಸ’ ಎಂಬ ನಾಲ್ಕು ಸ್ವರಗಳನ್ನು ಅರ್ಧ ವೇಗದಲ್ಲಿ ನುಡಿಸುತ್ತದೆ. ಅದು ನಿಧಾನಿಸಿದ ಆ ಹೊತ್ತಿನಲ್ಲೇ ಎಡಗೈ ಒಂದು ಸ್ಥಾಯಿ ಕೆಳಗೆ ಅದೇ ‘ಸ ರಿ ಗ ಮ ರಿ ಗ ಸ’ವನ್ನು ಎತ್ತಿಕೊಳ್ಳುತ್ತದೆ. ಬಲಗೈಯ ಆ ನಾಲ್ಕು ಸ್ವರಗಳು ಮೊದಲ ಮಾತಿನ ಮುಕ್ತಾಯವೂ ಹೌದು, ಈಗಷ್ಟೇ ಬಾಯಿ ತೆರೆದ ಇನ್ನೊಂದು ದನಿಗೆ ಬಿಟ್ಟುಕೊಟ್ಟ ಜಾಗವೂ ಹೌದು. ಎರಡನೆಯ ಬಾರ್‌ನಲ್ಲಿ (ನಮ್ಮ ತಾಳದ ಆವರ್ತದಂಥ ಅಳತೆಯಲ್ಲಿ) ಅದೇ ಗುಚ್ಛ ಪಂಚಮದಿಂದ ಹೊರಡುತ್ತದೆ. ಮೂರನೆಯದರಲ್ಲಿ ತಲೆಕೆಳಗಾಗಿ, ‘ದ ಪ ಮ ಗ ಪ ಮ ದ’ ಎಂದು ಇಳಿಯತೊಡಗುತ್ತದೆ. ಕೇವಲ 22 ಬಾರ್‌ಗಳ ಈ ರಚನೆಯಲ್ಲಿ ಯಾವ ಕೈ ಮುಖ್ಯ ಎಂದು ಕೇಳಿದರೆ ಉತ್ತರವಿಲ್ಲ. ನನ್ನ ವಿದ್ಯಾರ್ಥಿಗಳಿಗೆ ಮೊದಲು ಎಡಗೈಯ ದನಿಯನ್ನು ಬಾಯಲ್ಲಿ ಹಾಡಿಸುತ್ತೇನೆ, ಆಮೇಲೆ ಅದನ್ನು ಹಾಡುತ್ತಲೇ ಬಲಗೈಯದನ್ನು ನುಡಿಸಲು ಹೇಳುತ್ತೇನೆ. ಬಹಳಷ್ಟು ಮಕ್ಕಳಿಗೆ ಇದು ಬೆರಳಿನ ಕಸರತ್ತಿಗಿಂತ ಕಷ್ಟವಾಗುತ್ತದೆ, ಏಕೆಂದರೆ ಮೇಲಿನ ದನಿಯನ್ನು ಹಿಡಿದುಕೊಂಡು ಉಳಿದದ್ದನ್ನು ಸದ್ದೆಂದು ಬಿಟ್ಟುಬಿಡುವುದು ಕಿವಿಯ ಹಳೆಯ ಅಭ್ಯಾಸ.

ಈ ವಿದ್ಯೆಗೆ ಶಾಸ್ತ್ರವೂ ಇದೆ. ವಿಯೆನ್ನಾದ ಸಂಯೋಜಕ ಯೋಹಾನ್ ಯೋಸೆಫ್ ಫುಕ್ಸ್ 1725ರಲ್ಲಿ ಲ್ಯಾಟಿನ್ ಭಾಷೆಯಲ್ಲಿ ಗುರುಶಿಷ್ಯ ಸಂವಾದದ ರೂಪದಲ್ಲಿ ಪ್ರಕಟಿಸಿದ ಪಠ್ಯವನ್ನು ಹೇಡನ್ ಸ್ವಂತ ಶ್ರಮದಿಂದ ಓದಿಕೊಂಡ, ಮೊಜಾರ್ಟ್ ತನ್ನ ಶಿಷ್ಯರಿಗೆ ಪಾಠ ಮಾಡಲು ಬಳಸಿದ, ಬೀತೊವನ್ ಅದರ ಕ್ರಮದಲ್ಲೇ ಅಭ್ಯಾಸಗಳನ್ನು ಬರೆದ. ಅದರ ನಿಯಮಗಳಲ್ಲಿ ಎರಡು ನಮ್ಮ ಚರ್ಚೆಗೆ ನೇರವಾಗಿ ಸಂಬಂಧಿಸಿವೆ.

ಮೊದಲನೆಯದು, ಎರಡು ದನಿಗಳು ಪಂಚಮದ ಅಥವಾ ಸ್ಥಾಯಿಯ ಅಂತರವನ್ನು ಹಾಗೆಯೇ ಉಳಿಸಿಕೊಂಡು ಜೊತೆಜೊತೆಗೆ ಹೆಜ್ಜೆ ಇಡಬಾರದು ಎಂಬುದು. ಒಬ್ಬರು ‘ಸ ರಿ ಗ’ ಎಂದಾಗ ಇನ್ನೊಬ್ಬರು ‘ಪ ದ ನಿ’ ಎಂದರೆ ಕಿವಿಗೆ ಕರ್ಕಶವೇನೂ ಅಲ್ಲ, ತುಂಬ ಹಿತವಾಗಿಯೇ ಇರುತ್ತದೆ. ಆದರೂ ನಿಷೇಧವಿದೆ, ಏಕೆಂದರೆ ಆ ಅಂತರದಲ್ಲಿ ಎರಡು ದನಿಗಳು ಕಲೆತು ಒಂದೇ ದಪ್ಪ ದನಿಯಾಗಿಬಿಡುತ್ತವೆ. ಸಹಮತ ಅಷ್ಟು ಗಾಢವಾದಾಗ ಎರಡನೆಯವರು ಇದ್ದೂ ಇಲ್ಲದಂತಾಗುತ್ತಾರೆ.

ಎರಡನೆಯದು ಘರ್ಷಣೆಯ ನಿಯಮ. ನನ್ನ ಮಟ್ಟಿಗೆ ಇಡೀ ಶಾಸ್ತ್ರದಲ್ಲೇ ಅತ್ಯಂತ ಸುಂದರವಾದದ್ದು. ಕೆಳದನಿ ಗಾಂಧಾರದಲ್ಲಿದೆ, ಮೇಲ್ದನಿ ತಾರಷಡ್ಜದಲ್ಲಿದೆ ಎನ್ನಿ. ಎರಡೂ ಕೂಡಿ ಹಿತವಾಗಿವೆ. ಈಗ ಕೆಳದನಿ ರಿಷಭಕ್ಕೆ ಇಳಿಯುತ್ತದೆ, ಮೇಲ್ದನಿ ಮಾತ್ರ ಷಡ್ಜವನ್ನು ಬಿಡದೆ ಹಿಡಿದಿದೆ. ತಾಳದ ಗಟ್ಟಿ ಪೆಟ್ಟು ಬೀಳುವ ಜಾಗದಲ್ಲೇ ಘರ್ಷಣೆ ಉಂಟಾಗುತ್ತದೆ. ಬಳಿಕ ಮೇಲ್ದನಿ ಒಂದೇ ಒಂದು ಮೆಟ್ಟಿಲು ಇಳಿದು ನಿಷಾದಕ್ಕೆ ಬಂದಾಗ ಮತ್ತೆ ಹಿತವಾಗುತ್ತದೆ. ಇಲ್ಲಿ ಗಮನಿಸಬೇಕಾದ ಸಂಗತಿಯೆಂದರೆ, ಘರ್ಷಣೆಗೆ ಕಾರಣವಾದ ಷಡ್ಜ ಹೊರಗಿನಿಂದ ನುಗ್ಗಿದ ಸ್ವರವಲ್ಲ. ಒಂದು ಗಳಿಗೆಯ ಹಿಂದೆ ಎರಡೂ ದನಿಗಳು ಒಪ್ಪಿದ್ದ ಸ್ವರವೇ ಅದು. ಇನ್ನೊಬ್ಬರು ಮುಂದೆ ಸಾಗಿದ್ದರಿಂದ, ಇದ್ದಲ್ಲೇ ನಿಂತದ್ದು ಬಿರುಸಾಯಿತು. ಅದನ್ನು ಬಗೆಹರಿಸುವ ಹೊಣೆಯೂ ಹಿಡಿದು ನಿಂತ ದನಿಯದ್ದೇ, ಮತ್ತು ಅದು ಹಾರಿ ತಪ್ಪಿಸಿಕೊಳ್ಳುವಂತಿಲ್ಲ, ಪಕ್ಕದ ಮೆಟ್ಟಿಲಿಗೇ ಕಾಲಿಡಬೇಕು. ಘರ್ಷಣೆಯನ್ನು ತೆಗೆದುಹಾಕಿದರೆ ಈ ಸಂಗೀತ ಸಪ್ಪೆಯಾಗುತ್ತದೆ. ಸಿದ್ಧತೆಯೂ ಪರಿಹಾರವೂ ಇಲ್ಲದೆ ಸುಮ್ಮನೆ ಸ್ವರಗಳನ್ನು ಢಿಕ್ಕಿ ಹೊಡೆಸಿದರೆ ಫುಕ್ಸನ ಶಾಲೆಯಲ್ಲಿ ಅದು ತಪ್ಪು.

ನಮ್ಮ ಜುಗಲ್‌ಬಂದಿಯೂ ಕೌಂಟರ್‌ಪಾಯಿಂಟೇ ಅಲ್ಲವೇ ಎಂದು ಹಲವರು ಕೇಳುತ್ತಾರೆ. ಅಲ್ಲವೆಂದೇ ಹೇಳಬೇಕು, ಮತ್ತು ಅದರಲ್ಲಿ ನಮ್ಮ ಸಂಗೀತಕ್ಕೆ ಯಾವ ಕೊರತೆಯೂ ಇಲ್ಲ. ಜುಗಲ್‌ಬಂದಿಯಲ್ಲಿ ಕಲಾವಿದರು ಹೆಚ್ಚಾಗಿ ಸರದಿಯಂತೆ ನುಡಿಯುತ್ತಾರೆ, ಇಲ್ಲವೇ ಒಂದೇ ಸಂಗತಿಯನ್ನು ಕೂಡಿ ನುಡಿಸುತ್ತಾರೆ. ಕಛೇರಿಯಲ್ಲಿ ಪಿಟೀಲು ಗಾಯಕರನ್ನು ನೆರಳಿನಂತೆ ಹಿಂಬಾಲಿಸುವಾಗ ಕೇಳುವುದು ಒಂದೇ ಧಾರೆಯ ಎರಡು ಬಣ್ಣ. ಗಮಕದಲ್ಲಿ ತೂಗುವ ಸ್ವರದ ಸೂಕ್ಷ್ಮವನ್ನು, ತಂಬೂರಿಯ ಷಡ್ಜದೊಂದಿಗೆ ಅದಕ್ಕಿರುವ ನಂಟನ್ನು ಪೂರ್ತಿ ಸವಿಯಬೇಕಾದರೆ ಅದರ ಮೇಲೆ ಇನ್ನೊಂದು ಸ್ವತಂತ್ರ ಧಾರೆ ಹರಿಯದಿರುವುದೇ ಒಳ್ಳೆಯದು. ಕೌಂಟರ್‌ಪಾಯಿಂಟಿಗೆ ಹತ್ತಿರವಾದದ್ದು ನಮ್ಮಲ್ಲಿ ಇರುವುದು ಲಯದಲ್ಲಿ. ಪಲ್ಲವಿಯ ಸಾಹಿತ್ಯ ಕಾಲ ಬದಲಿಸುತ್ತಿರುವಾಗ ಕೈಯ ತಾಳ ಕದಲದೆ ನಿಲ್ಲುತ್ತದೆ. ಅವಧಾನ ಪಲ್ಲವಿಯಲ್ಲಂತೂ ಎರಡು ಕೈಗಳು ಎರಡು ತಾಳ ಹಾಕುತ್ತವೆ. ಹಾಗಾಗಿ ಎರಡು ಧಾರೆಗಳನ್ನು ಒಟ್ಟಿಗೆ ಹಿಡಿಯುವ ಶಕ್ತಿ ನಮ್ಮ ಕೇಳುಗರಿಗೆ ಹೊಸದಲ್ಲ. ಜಯಚಾಮರಾಜ ಒಡೆಯರ್ ಅವರನ್ನು ಇಲ್ಲಿ ನೆನೆಯಬೇಕು. ರಷ್ಯಾದ ಸಂಯೋಜಕ ಮೆಟ್ನರ್ ಅವರ ಕೃತಿಗಳ ಧ್ವನಿಮುದ್ರಣಕ್ಕೆ ಧನಸಹಾಯ ನೀಡಿದ, 1948ರಲ್ಲಿ ಲಂಡನ್ನಿನ ಫಿಲ್ಹಾರ್ಮೋನಿಯ ಕನ್ಸರ್ಟ್ ಸೊಸೈಟಿಯ ಮೊದಲ ಅಧ್ಯಕ್ಷರಾದ ಅವರೇ 90ಕ್ಕೂ ಹೆಚ್ಚು ಕರ್ನಾಟಕ ಸಂಗೀತದ ಕೃತಿಗಳನ್ನು ರಚಿಸಿದರು. ಎರಡು ಪದ್ಧತಿಗಳಿಗೂ ಅವುಗಳದೇ ನೆಲೆಯಲ್ಲಿ ಕಿವಿಗೊಡುವುದು ಮೈಸೂರಿನ ಹಳೆಯ ಪರಂಪರೆಯೇ ಆಗಿದೆ. ಜಿ.ಕೆ. ವೆಂಕಟೇಶ್ ಅವರ ಸಹಾಯಕರಾಗಿ ದುಡಿದ ಇಳಯರಾಜಾ ಅವರ ಚಿತ್ರಸಂಗೀತವನ್ನು ಹೆಡ್‌ಫೋನ್ ಹಾಕಿಕೊಂಡು, ಹಾಡುಗಾರರನ್ನು ಬಿಟ್ಟು ಬೇಸ್ ಗಿಟಾರನ್ನೋ ಪಿಟೀಲುಗಳನ್ನೋ ಹಿಂಬಾಲಿಸಿ ಕೇಳುವವರಿಗೂ ನಾನು ಹೇಳುತ್ತಿರುವುದು ತಿಳಿಯುತ್ತದೆ.

ಸಂಗೀತದ ಆಚೆಗೂ ಈ ಶಿಸ್ತನ್ನು ಶ್ರದ್ಧೆಯಿಂದ ಬಳಸಿದವರಿದ್ದಾರೆ. ಚಲನಚಿತ್ರಕ್ಕೆ ಧ್ವನಿ ಬಂದ ಹೊಸತರಲ್ಲಿ, 1928ರಲ್ಲಿ, ಸೋವಿಯತ್ ಚಿತ್ರನಿರ್ದೇಶಕರಾದ ಐಸೆನ್‌ಸ್ಟೈನ್, ಪುಡೊವ್ಕಿನ್ ಮತ್ತು ಅಲೆಕ್ಸಾಂಡ್ರೊವ್ ಹೊರಡಿಸಿದ ಹೇಳಿಕೆಯಲ್ಲಿ, ಧ್ವನಿಯು ದೃಶ್ಯವನ್ನು ಬರಿದೇ ಅನುಸರಿಸದೆ ಅದರೊಂದಿಗೆ ಕೌಂಟರ್‌ಪಾಯಿಂಟಿನಲ್ಲಿ ಸಾಗಬೇಕೆಂದು ಒತ್ತಾಯಿಸಿದ್ದರು. ಪ್ಯಾಲೆಸ್ಟೀನ್ ಮೂಲದ ವಿಮರ್ಶಕ ಎಡ್ವರ್ಡ್ ಸೈದ್ ಸ್ವತಃ ಪಿಯಾನೊ ನುಡಿಸುತ್ತಿದ್ದವರು. 1993ರ ತಮ್ಮ ಗ್ರಂಥದಲ್ಲಿ ಅವರು ಜೇನ್ ಆಸ್ಟೆನ್‌ಳ ಕಾದಂಬರಿಯೊಂದನ್ನು ಓದುವಾಗ, ಇಂಗ್ಲೆಂಡಿನ ಆ ನೆಮ್ಮದಿಯ ಬಂಗಲೆಯ ಜೊತೆಗೇ ಅದನ್ನು ಸಾಕುತ್ತಿದ್ದ ಆಂಟಿಗುವಾ ದ್ವೀಪದ ಗುಲಾಮರ ದುಡಿಮೆಯ ತೋಟವನ್ನೂ ಏಕಕಾಲಕ್ಕೆ ಮನಸ್ಸಿನಲ್ಲಿ ಹಿಡಿಯಬೇಕೆಂದರು. ಕಾದಂಬರಿಯನ್ನು ತಿರಸ್ಕರಿಸುವುದು ಅವರ ಉದ್ದೇಶವಾಗಿರಲಿಲ್ಲ. ಅವರು ಅದನ್ನು ಪ್ರೀತಿಯಿಂದಲೇ ಓದಿದರು, ಕೆಳದನಿಯನ್ನೂ ಕೇಳಿಸಿಕೊಂಡರು ಅಷ್ಟೆ. ಈ ಓದಿನ ಕ್ರಮ ನಮಗೂ ಬೇಕು. 1964ರಲ್ಲಿ ಮುಗಿದ ಲಿಂಗನಮಕ್ಕಿ ಅಣೆಕಟ್ಟಿನ ಬಗ್ಗೆ ನಾಡಿಗೆ ಬೆಳಕು ಕೊಟ್ಟ ಯೋಜನೆಯೆಂಬ ಬರಹಗಳು ಒಂದು ಕಡೆ, ಶರಾವತಿ ಮುಳುಗಡೆ ಸಂತ್ರಸ್ತರ ಹಕ್ಕುಪತ್ರದ ಸುದ್ದಿಗಳು ಇನ್ನೊಂದು ಕಡೆ ಬೇರೆ ಬೇರೆಯಾಗಿ ಅಚ್ಚಾಗುತ್ತವೆ. ಒಂದೇ ವರ್ಷಗಳ ಈ ಎರಡು ಚರಿತ್ರೆಗಳನ್ನು ಒಂದೇ ಪುಟದಲ್ಲಿ, ಒಂದರ ಪ್ರತಿ ಹೆಜ್ಜೆಗೆ ಇನ್ನೊಂದರ ಹೆಜ್ಜೆಯನ್ನಿಟ್ಟು ಬರೆದದ್ದನ್ನು ಓದಲು ನಾನು ಆಸೆಪಡುತ್ತೇನೆ.

ಸಂಪಾದಕರಾದ ತಮಗೆ ವಿಶೇಷವಾಗಿ ಹೇಳಬೇಕೆನಿಸುವ ಉದಾಹರಣೆ ಕೆನಡಾದ ಪಿಯಾನೊ ವಾದಕ ಗ್ಲೆನ್ ಗೂಲ್ಡ್ ಅವರದು. ಬಾಖ್‌ನ ವಾದನಕ್ಕೆ ಹೆಸರಾದ ಅವರು 1967ರಲ್ಲಿ ಸಿಬಿಸಿ ರೇಡಿಯೊಗಾಗಿ ಕೆನಡಾದ ಉತ್ತರ ಭಾಗದ ಬದುಕಿನ ಬಗ್ಗೆ ಒಂದು ಸಾಕ್ಷ್ಯಚಿತ್ರವನ್ನು ರೂಪಿಸಿದರು. ಉತ್ತರದಲ್ಲಿ ಬಾಳಿದ, ದುಡಿದ ಐವರನ್ನು ಬೇರೆಬೇರೆಯಾಗಿ ಸಂದರ್ಶಿಸಿ, ಆ ಟೇಪುಗಳನ್ನು ಕತ್ತರಿಸಿ ಜೋಡಿಸಿ, ಮೂರು ದನಿಗಳು ಒಂದರ ಮೇಲೊಂದು ಸೇರುತ್ತ ಹೋಗುವಂತೆ ಆರಂಭವನ್ನು ಕಟ್ಟಿದರು. ಮಾತಾಡಿದವರು ಪರಸ್ಪರರ ಮಾತನ್ನು ಕೇಳಿಸಿಕೊಂಡಿರಲಿಲ್ಲ. ಅವರ ಪರವಾಗಿ ಕೇಳಿಸಿಕೊಂಡವರು, ಯಾರ ಯಾವ ಪದದ ಪಕ್ಕ ಇನ್ಯಾರ ಯಾವ ಪದ ಬೀಳಬೇಕೆಂದು ನಿರ್ಧರಿಸಿದವರು ಅದನ್ನು ಸಂಪಾದಿಸಿದ ಗೂಲ್ಡ್.

ತಮ್ಮ ಪರ–ವಿರೋಧದ ಪುಟದಲ್ಲಿ ಈ ಕೆಲಸ ಸದ್ಯಕ್ಕೆ ನಡೆಯುತ್ತಿಲ್ಲ ಎಂದು ವಿನಯದಿಂದ ಹೇಳಬಯಸುತ್ತೇನೆ. ಅಲ್ಲಿ ಬರೆಯುವ ಇಬ್ಬರೂ ಸಮರ್ಥರೇ. ಆದರೆ ಒಬ್ಬರು ನೀರಿನ ಬೆಲೆಯ ಬಗ್ಗೆ ಬರೆದರೆ ಇನ್ನೊಬ್ಬರು ಸರ್ಕಾರದ ಸಾಲದ ಬಗ್ಗೆ ಬರೆದಿರುತ್ತಾರೆ. ಒಬ್ಬರು ಎತ್ತಿದ ಪ್ರಶ್ನೆ ಇನ್ನೊಬ್ಬರ ಬರಹದಲ್ಲಿ ಸುಳಿಯುವುದೇ ಇಲ್ಲ. ಎಲ್ಲಿಯವರೆಗೆ ಇಬ್ಬರೂ ಒಪ್ಪುತ್ತಾರೆ, ಯಾರು ಎಲ್ಲಿಂದ ಬೇರೆ ದಾರಿ ಹಿಡಿದರು ಎಂಬುದು ಓದುಗರಿಗೆ ತಿಳಿಯದೆ ಉಳಿಯುತ್ತದೆ.

ಆದ್ದರಿಂದ ನನ್ನದೊಂದು ಕೋರಿಕೆ. ಇಬ್ಬರು ಲೇಖಕರೂ ತಮ್ಮ ಮೊದಲ ಕರಡನ್ನು ಕಳುಹಿಸಿದ ಬಳಿಕ ಅವುಗಳನ್ನು ಅದಲುಬದಲು ಮಾಡಿ ಓದಲು ಕೊಡಿ. ಇನ್ನೊಬ್ಬರ ಕರಡಿನಲ್ಲಿ ತಾವು ಒಪ್ಪುವ ಒಂದು ಅಂಶವನ್ನು ಹೆಸರಿಸಿ, ಅಲ್ಲಿಂದ ಮುಂದಕ್ಕೆ ತಮ್ಮ ಬರಹವನ್ನು ಮತ್ತೊಮ್ಮೆ ಬರೆಯಲು ಕೇಳಿಕೊಳ್ಳಿ. ತಮ್ಮ ನಿಲುವನ್ನು ಯಾರೂ ಬಿಡಬೇಕಾಗಿಲ್ಲ. ಇದಕ್ಕೆ ಸಮಯವೂ ಜಾಗವೂ ಹೆಚ್ಚು ಬೇಕಾಗುವುದರಿಂದ ಆ ಪುಟವನ್ನು ವಾರಕ್ಕೊಮ್ಮೆಯ ಬದಲು ತಿಂಗಳಿಗೆರಡು ಬಾರಿ ತಂದರೂ ಸಾಕು. ಮೊದಲ ಪ್ರಯೋಗಕ್ಕೆ ಶಾಲೆಗಳಲ್ಲಿ ಸಂಗೀತ ಶಿಕ್ಷಣ ಕಡ್ಡಾಯವಾಗಬೇಕೇ ಎಂಬ ವಿಷಯವನ್ನು ಆರಿಸಿಕೊಳ್ಳುವುದಾದರೆ, ಪರವಾಗಿಯಾಗಲಿ ವಿರೋಧವಾಗಿಯಾಗಲಿ ಬರೆಯಬಲ್ಲ ಶಿಕ್ಷಕರು ನಮ್ಮ ಊರಿನಲ್ಲಿ ಬೇಕಾದಷ್ಟು ಮಂದಿ ಇದ್ದಾರೆ.

ಇತಿ ತಮ್ಮ ವಿಶ್ವಾಸಿ,
ಪಿಯಾನೊ ಶಿಕ್ಷಕಿ, ಮೈಸೂರು