ಆಟದ ಹಣದಲ್ಲಿ ಎಲ್ಲ ಮಕ್ಕಳಿಗೂ ಪಾಲಿರಲಿ

ಮಾನ್ಯ ಸಂಪಾದಕರೇ,

ಸರ್ಕಾರಿ ಶಾಲೆಗಳು ಆಟೋಟಕ್ಕೆ ಖರ್ಚು ಮಾಡುವ ಹಣದಲ್ಲಿ ವಿಶೇಷ ಚೇತನ ಮಕ್ಕಳಿಗೂ ಪಾಲು ಸಿಗಲೇಬೇಕು. ಪಂದ್ಯ ಗೆದ್ದು ಬರುವ ತಂಡದ ಸಮವಸ್ತ್ರ, ಪ್ರಯಾಣಕ್ಕೇ ಹಣವೆಲ್ಲ ಮುಗಿದರೆ ಗಾಲಿಕುರ್ಚಿಯ ಮಗು ಗೆಳೆಯರ ನೀರಿನ ಬಾಟಲಿ ಕಾಯುತ್ತ, ಸ್ಕೋರ್ ಬರೆಯುತ್ತ ಕೂರಬೇಕಾಗುತ್ತದೆ. ಅದಕ್ಕೂ ಆಡುವ ಆಸೆ ಇರುತ್ತದೆ ಅಲ್ವಾ?

ಇದಕ್ಕೆಲ್ಲ ಜಾಸ್ತಿ ಹಣ ಬೇಕು ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಕಣ್ಣು ಕಾಣದವರಿಗೆಂದೇ ಇರುವ, ಚೆಂಡು ಉರುಳಿಸಿ ಗೋಲು ಹೊಡೆಯುವ ಗೋಲ್‌ಬಾಲ್ ಆಟವನ್ನೇ ನೋಡಿ. ಚೆಂಡಿನೊಳಗೆ ಗಂಟೆಗಳಿರುತ್ತವೆ, ಆಡುವವರೆಲ್ಲರ ಕಣ್ಣಿಗೂ ಪಟ್ಟಿ. ಅಂಕಣದ ಗೆರೆಯಲ್ಲಿ ದಾರವಿಟ್ಟು ಮೇಲೆ ಟೇಪ್ ಅಂಟಿಸಿರುತ್ತಾರೆ, ಮಕ್ಕಳು ಕೈಯಿಂದ ಸವರಿ ತಮ್ಮ ಜಾಗ ಕಂಡುಕೊಳ್ಳುತ್ತಾರೆ. ಕಣ್ಣು ಕಾಣುವ ಮಗುವೂ ಕಾಣದ ಮಗುವೂ ಅಲ್ಲಿ ಸರಿಸಮ. ಕೂತು ಆಡುವ ವಾಲಿಬಾಲ್‌ಗಂತೂ ಶಾಲೆಯಲ್ಲಿರುವ ನೆಟ್ಟನ್ನೇ ಒಂದು ಮೀಟರಿನ ಆಸುಪಾಸಿಗೆ ಇಳಿಸಿ ಕಟ್ಟಿದರಾಯಿತು. ನಿಜವಾಗಿ ಖರ್ಚು ಮಾಡಬೇಕಾದದ್ದು ಶಿಕ್ಷಕರ ತರಬೇತಿಗೆ. ಆಡಿಸಲು ಗೊತ್ತಿಲ್ಲದಿದ್ದರೆ ತಂದ ಸಾಮಾನು ಸುಮ್ನೆ ಬೀರುವಿನಲ್ಲಿ ಧೂಳು ತಿನ್ನುತ್ತದೆ.

ಶಾಲೆಯ ಆಟಗಳಲ್ಲಿ ಈ ಮಕ್ಕಳಿಗೆ ಉಳಿದವರಷ್ಟೇ ಅವಕಾಶ ಇರಬೇಕೆಂದು ವಿಶ್ವಸಂಸ್ಥೆಯ 2006ರ ಅಂಗವಿಕಲರ ಹಕ್ಕುಗಳ ಒಪ್ಪಂದದ 30ನೇ ವಿಧಿಯೂ ಹೇಳುತ್ತದೆ.

ಹಾಗಾಗಿ ಪ್ರತಿ ಶಾಲೆಯೂ ವರ್ಷದ ಕ್ರೀಡಾ ಬಜೆಟ್‌ನಲ್ಲಿ ಇದಕ್ಕೆಂದೇ ಹಣ ತೆಗೆದಿಡಲಿ. ಎಷ್ಟು ಖರ್ಚಾಯಿತು ಎನ್ನುವುದರ ಜೊತೆಗೆ, ಎಷ್ಟು ಮಕ್ಕಳು ಮೈದಾನಕ್ಕಿಳಿದು ಆಡಿದರು ಎಂಬ ಲೆಕ್ಕವನ್ನೂ ಪೋಷಕರ ಸಭೆಯಲ್ಲಿ ಓದಿ ಹೇಳಲಿ.

– ಒಬ್ಬ ಪೋಷಕಿ