ಮನೋರೋಗ ಇದ್ದವರ ಹಣಕ್ಕೆ ನೆರವು ಬೇಕು, ಬೀಗವಲ್ಲ

ಮಾನ್ಯ ಸಂಪಾದಕರೇ,

ಪ್ರತಿ ವರ್ಷ ಅಕ್ಟೋಬರ್ 10ರ ವಿಶ್ವ ಮಾನಸಿಕ ಆರೋಗ್ಯ ದಿನದಂದು ಜಾಥಾ ನಡೆಯುತ್ತದೆ, ಭಾಷಣಗಳಾಗುತ್ತವೆ. ಮಂತ್ರ, ತಾಯಿತ ಬಿಟ್ಟು ವೈದ್ಯರ ಬಳಿ ಬನ್ನಿ ಎಂದು ಕರೆ ಕೊಡುತ್ತಾರೆ. ಇದೆಲ್ಲ ಬೇಕಾದದ್ದೇ. ಆದರೆ ದುಡಿದು ಹಾಕುತ್ತಿದ್ದವರೇ ಕಾಯಿಲೆಗೆ ತುತ್ತಾದ ಮನೆಯಲ್ಲಿ ಮಾತ್ರೆಯ ಜೊತೆಜೊತೆಗೇ ಎದುರಾಗುವ ಪ್ರಶ್ನೆಯೊಂದಿದೆ. ಅವರ ಹಣಕಾಸನ್ನು ಇನ್ನು ಯಾರು ನೋಡಿಕೊಳ್ಳಬೇಕು, ಯಾವ ಹಕ್ಕಿನಿಂದ ನೋಡಿಕೊಳ್ಳಬೇಕು? ಈ ಬಗ್ಗೆ ವೇದಿಕೆಯ ಮೇಲೆ ಯಾರೂ ಮಾತನಾಡಿದ್ದನ್ನು ನಾನು ಕೇಳಿಲ್ಲ. ಹಾಗಾಗಿ ಈ ಪತ್ರ.

ನನ್ನ ತಂದೆ ದಾವಣಗೆರೆಯ ಎಪಿಎಂಸಿಯಲ್ಲಿ ಮೆಕ್ಕೆಜೋಳದ ದಲ್ಲಾಳಿ ಅಂಗಡಿಯೊಂದರ ಗುಮಾಸ್ತರಾಗಿದ್ದರು. ಕೀರ್ದಿಯಲ್ಲಿ ನಾಲ್ಕಾಣೆ ತಾಳೆಯಾಗದಿದ್ದರೂ ಊಟ ಸೇರದ ಮನುಷ್ಯ. ಅವರಿಗೆ ಇರುವುದು ಉನ್ಮಾದ, ಖಿನ್ನತೆ ಎರಡೂ ಬಂದುಹೋಗುವ ಬೈಪೋಲಾರ್ ಕಾಯಿಲೆ. ಉನ್ಮಾದ ಏರಿದಾಗ ನಿದ್ದೆ ಬೇಡ, ಮಾತು ನಿಲ್ಲದು, ಕೈಯಲ್ಲಿ ಕಾಸೂ ನಿಲ್ಲದು. ಒಮ್ಮೆ ಆಟೋದಲ್ಲಿ ಔಷಧಿ ಸಿಂಪಡಿಸುವ ಪಂಪುಗಳು ಮನೆ ಬಾಗಿಲಿಗೆ ಬಂದಿಳಿದವು. ನಮಗೆ ಒಂದು ಗುಂಟೆ ಜಮೀನೂ ಇಲ್ಲ. ಖಿನ್ನತೆ ಕವಿದಾಗ ಎಲ್ಲವೂ ತಿರುಗುಮುರುಗು. ಕರೆಂಟ್ ಬಿಲ್ಲು, ವಿಮೆ ಕಂತಿನ ನೋಟಿಸು, ಬ್ಯಾಂಕಿನ ಲಕೋಟೆ ಒಡೆಯದೆಯೇ ಹಾಸಿಗೆಯ ಕೆಳಗೆ ಸೇರುತ್ತಿದ್ದವು. ನೋಡುವವರಿಗೆ ಮೊದಲನೆಯದು ದುಂದುಗಾರಿಕೆ, ಎರಡನೆಯದು ಬೇಜವಾಬ್ದಾರಿ. ಎರಡೂ ಅಲ್ಲ. ಜ್ವರ ಬಂದಾಗ ಮೈ ಸುಡುವುದು ಹೇಗೋ, ಉನ್ಮಾದದಲ್ಲಿ ಮಿತಿಮೀರಿ ಖರ್ಚು ಮಾಡುವುದೂ ಹಾಗೆಯೇ. ಅದು ಕಾಯಿಲೆಯ ಲಕ್ಷಣವೆಂದು ವೈದ್ಯಶಾಸ್ತ್ರವೇ ಹೇಳುತ್ತದೆ.

ಇಂಥ ಹೊತ್ತಿನಲ್ಲಿ ನಂಟರಿಷ್ಟರ ಸಲಹೆ ಎರಡೇ ಬಗೆ. ‘ಪಾಸ್‌ಬುಕ್ಕು, ಎಟಿಎಂ ಕಾರ್ಡು ಕಿತ್ತಿಟ್ಟುಕೊಳ್ಳಿ, ಕೈಗೆ ಹತ್ತು ರೂಪಾಯಿಯನ್ನೂ ಕೊಡಬೇಡಿ’ ಎನ್ನುವುದು ಒಂದು. ‘ಅವರು ದುಡಿದ ದುಡ್ಡು, ಮಕ್ಕಳಾದವರು ಅದರಲ್ಲಿ ಬಾಯಿ ಹಾಕಬಾರದು’ ಎನ್ನುವುದು ಇನ್ನೊಂದು. ಮೊದಲನೆಯದನ್ನು ಪಾಲಿಸಿದರೆ ಬಾಳೆಲ್ಲ ಲೆಕ್ಕ ಬರೆದ ಮನುಷ್ಯ ಚಹಾ ಕುಡಿಯಲೂ ಮಗಳ ಮುಂದೆ ಕೈಚಾಚಬೇಕು. ಎರಡನೆಯದನ್ನು ಪಾಲಿಸಿದರೆ ಸಾಲದ ಆ್ಯಪ್‌ಗಳು, ಕೈಸಾಲದವರು, ಚೀಟಿ ನಡೆಸುವವರು ಮನೆಯನ್ನು ನುಂಗುತ್ತಾರೆ. ಆಸ್ತಿ ಇರುವ ಮನೆಗಳಲ್ಲಂತೂ ಭಯ ಇನ್ನೂ ದೊಡ್ಡದು. ‘ತಲೆ ಸರಿಯಿಲ್ಲದವನಿಗೆ ಸೈಟು ಏಕೆ’ ಎಂದು ಹಕ್ಕು ಬಿಡುಗಡೆ ಪತ್ರ ಮುಂದಿಟ್ಟು ಸಹಿ ಹಾಕಿಸಿಕೊಳ್ಳಲು ಹೊರಡುವವರು ಒಡಹುಟ್ಟಿದವರೇ ಆಗಿರುತ್ತಾರೆ.

ಕಾನೂನು ಹೀಗೆ ಹೇಳುವುದಿಲ್ಲ. 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆಯ 3ನೇ ಸೆಕ್ಷನ್ ಪ್ರಕಾರ, ಒಬ್ಬರಿಗೆ ಮಾನಸಿಕ ಕಾಯಿಲೆ ಇದೆ ಎಂದ ಮಾತ್ರಕ್ಕೆ ಅವರನ್ನು ಅಸ್ವಸ್ಥಚಿತ್ತರೆಂದು ಎಣಿಸುವಂತಿಲ್ಲ. ಹಾಗೆ ಘೋಷಿಸಬೇಕಾದದ್ದು ನ್ಯಾಯಾಲಯ. ಅದಕ್ಕೂ ಬಹಳ ಹಿಂದಿನ 1872ರ ಕರಾರು ಕಾಯ್ದೆಯ 12ನೇ ಸೆಕ್ಷನ್, ಬಹುಪಾಲು ಕಾಲ ಚಿತ್ತಸ್ವಾಸ್ಥ್ಯ ತಪ್ಪಿದವರೂ ಸ್ವಸ್ಥರಾಗಿರುವಾಗ ಕರಾರು ಮಾಡಿಕೊಳ್ಳಬಹುದು ಎನ್ನುತ್ತದೆ. ಏರಿಳಿತದ ಕಾಯಿಲೆ ಇರುವವರಿಗೆ ಇದಕ್ಕಿಂತ ಮುಖ್ಯವಾದ ಮಾತು ಬೇರೆ ಇಲ್ಲ. ಇದೇ ಸೆಕ್ಷನ್ನಿನ ಇನ್ನೊಂದು ಮಗ್ಗುಲೂ ಉಪಯೋಗಕ್ಕೆ ಬರುತ್ತದೆ. ತಾನು ಒಪ್ಪಿಕೊಳ್ಳುತ್ತಿರುವುದೇನೆಂದು ತಿಳಿಯದ ಸ್ಥಿತಿಯಲ್ಲಿ ಮಾಡಿದ ಕರಾರು ಊರ್ಜಿತವಲ್ಲ. ಆದರೆ ಅದನ್ನು ನಾವು ರುಜುವಾತು ಮಾಡಬೇಕು. ಆದ್ದರಿಂದ ಆಸ್ಪತ್ರೆಯ ಹೊರರೋಗಿ ಚೀಟಿಗಳನ್ನು ತಾರೀಖಿನ ಪ್ರಕಾರ ಜೋಡಿಸಿ ಇಟ್ಟುಕೊಳ್ಳಿ ಎಂದು ಇದೇ ಸ್ಥಿತಿಯಲ್ಲಿರುವ ಪ್ರತಿಯೊಬ್ಬರಿಗೂ ಹೇಳುತ್ತಿರುತ್ತೇನೆ.

ಬ್ಯಾಂಕಿನ ಕೌಂಟರಿಗೆ ಬಂದರೆ ಇದ್ಯಾವುದೂ ನಡೆಯುವುದಿಲ್ಲ. ನಮ್ಮ ತಂದೆಯ ಖಾತೆ ಇರುವ ಶಾಖೆಯಲ್ಲಿ ಕಾಯಿಲೆಯ ವಿಷಯ ತಿಳಿದ ಕೂಡಲೇ ನ್ಯಾಷನಲ್ ಟ್ರಸ್ಟ್ ಕಾಯ್ದೆಯಡಿ ಪಾಲಕತ್ವದ ಪ್ರಮಾಣ ಪತ್ರ ತನ್ನಿ ಎಂದರು. 1999ರ ಆ ಕಾಯ್ದೆ ಇರುವುದು ಆಟಿಸಂ, ಸೆರೆಬ್ರಲ್ ಪಾಲ್ಸಿ, ಬುದ್ಧಿಮಾಂದ್ಯ ಮತ್ತು ಬಹುವಿಧ ಅಂಗವೈಕಲ್ಯ ಇರುವವರಿಗೆ. ಬೈಪೋಲಾರ್, ಸ್ಕಿಜೋಫ್ರೀನಿಯಾದಂಥ ಮನೋರೋಗಗಳು ಅದರ ವ್ಯಾಪ್ತಿಯಲ್ಲಿಲ್ಲ. ಸಿಗದ ಕಾಗದಕ್ಕಾಗಿ ಜನರನ್ನು ಅಲೆಸಿದರೆ ಆ ಮನೆಯ ತಿಂಗಳ ರೇಷನ್ನಿನ ಗತಿಯೇನು? ಅಪ್ಪಾಜಿ ನನ್ನ ಪಕ್ಕದಲ್ಲೇ ಕುಳಿತಿದ್ದರು, ಪೂರ್ತಿ ಹುಷಾರಾಗಿದ್ದರು. ಆ ಅಧಿಕಾರಿ ಒಂದು ಪ್ರಶ್ನೆಯನ್ನೂ ಅವರಿಗೆ ಕೇಳಲಿಲ್ಲ. ಎಲ್ಲವನ್ನೂ ನನಗೇ ಹೇಳಿದರು. ಕೊನೆಗೆ ಅವರೇ ಎದ್ದು, ‘ಸಹಿ ನನ್ನದು, ಖಾತೆ ನನ್ನದು, ಮಾತು ನನ್ನ ಜೊತೆ ಆಡಿ ಸ್ವಾಮಿ’ ಎಂದರು.

ಕೌಂಟರಿನ ಸಿಬ್ಬಂದಿಯದಷ್ಟೇ ತಪ್ಪಲ್ಲ, ಕಾನೂನಿನಲ್ಲೇ ಒಂದು ಕಂದಕವಿದೆ. 1987ರ ಹಳೆಯ ಮಾನಸಿಕ ಆರೋಗ್ಯ ಕಾಯ್ದೆಯಲ್ಲಿ, ರೋಗಿಯ ಆಸ್ತಿ ನೋಡಿಕೊಳ್ಳಲು ಜಿಲ್ಲಾ ನ್ಯಾಯಾಲಯ ವ್ಯವಸ್ಥಾಪಕರನ್ನು ನೇಮಿಸುವ ಅವಕಾಶವಿತ್ತು. 2017ರ ಕಾಯ್ದೆ ಬಂದಾಗ ಆ ಅಧ್ಯಾಯವೇ ಬಿಟ್ಟುಹೋಯಿತು. ಹೊಸ ಕಾಯ್ದೆಯ ನಾಮನಿರ್ದೇಶಿತ ಪ್ರತಿನಿಧಿಗೆ ಇರುವುದು ಚಿಕಿತ್ಸೆಯ ವಿಷಯದ ಅಧಿಕಾರ, ಹಣದ ಅಧಿಕಾರವಲ್ಲ. ಮುಖತ್ಯಾರ ಪತ್ರ (ಪವರ್ ಆಫ್ ಅಟಾರ್ನಿ) ಬರೆಸಿಕೊಂಡರಾಯಿತು ಎಂದು ಬಹಳ ಜನ ನಂಬಿದ್ದಾರೆ. ಬರೆದುಕೊಟ್ಟವರ ಚಿತ್ತಸ್ವಾಸ್ಥ್ಯ ತಪ್ಪಿದರೆ ಕರಾರು ಕಾಯ್ದೆಯ 201ನೇ ಸೆಕ್ಷನ್ ಪ್ರಕಾರ ಅದು ಬಿದ್ದುಹೋಗುತ್ತದೆ. ಅಂದರೆ ಯಾವಾಗ ಬೇಕೋ ಆಗಲೇ ಅದು ಕೆಲಸಕ್ಕೆ ಬಾರದು. ನಾಮಿನಿ ಇದ್ದಾರಲ್ಲ ಎನ್ನುವವರೂ ಇದ್ದಾರೆ. ನಾಮಿನಿಯ ಪಾತ್ರ ಶುರುವಾಗುವುದು ಖಾತೆದಾರರ ಮರಣದ ನಂತರ. ಉಳಿದ ಒಂದು ದಾರಿ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 14ನೇ ಸೆಕ್ಷನ್. ಅದರಡಿ ಸೀಮಿತ ಪಾಲಕರನ್ನು ನೇಮಿಸಬಹುದು. ನಿರ್ದಿಷ್ಟ ಅವಧಿಗೆ, ನಿರ್ದಿಷ್ಟ ನಿರ್ಧಾರಕ್ಕೆ, ಅದೂ ಆ ವ್ಯಕ್ತಿಯ ಇಚ್ಛೆಗೆ ಅನುಗುಣವಾಗಿ ಇಬ್ಬರೂ ಕೂಡಿ ತೀರ್ಮಾನ ಮಾಡುವ ವ್ಯವಸ್ಥೆ ಅದು. ಕಿತ್ತುಕೊಳ್ಳುವುದಕ್ಕೂ ಕೈಬಿಡುವುದಕ್ಕೂ ನಡುವಿನ ಈ ಹಾದಿಯನ್ನು ನಮ್ಮ ಶಾಖೆಯಲ್ಲಿ ಯಾರೂ ಹೇಳಲಿಲ್ಲ. ವಕೀಲರೊಬ್ಬರಿಂದ ತಿಳಿಯಿತು.

ನಮ್ಮ ಮನೆಯಲ್ಲಿ ಈಗ ನಡೆಯುತ್ತಿರುವ ಕ್ರಮವನ್ನು ಹೇಳುತ್ತೇನೆ, ಬೇರೆ ಮನೆಗಳಿಗೂ ದಾರಿಯಾದೀತು. ಇದನ್ನೆಲ್ಲ ತಂದೆಯವರು ಚೆನ್ನಾಗಿದ್ದ ದಿನಗಳಲ್ಲಿ ಅವರನ್ನೇ ಮುಂದಿಟ್ಟುಕೊಂಡು ಗೊತ್ತುಮಾಡಿದೆವು. ಉಳಿತಾಯದ ದೊಡ್ಡ ಮೊತ್ತವನ್ನು ಅವರು, ನಾನು ಇಬ್ಬರೂ ಸಹಿ ಹಾಕಿದರೆ ಮಾತ್ರ ಬಿಡಿಸಬಹುದಾದ ಜಂಟಿ ಠೇವಣಿಗೆ ಹಾಕಿದ್ದೇವೆ. ಕರೆಂಟ್ ಬಿಲ್ಲು, ವಿಮೆ ಕಂತು ಖಾತೆಯಿಂದ ತಾವಾಗಿಯೇ ಕಡಿತವಾಗುತ್ತವೆ. ಅವರ ಸ್ವಂತ ಖರ್ಚಿಗೆ ಬೇರೊಂದು ಚಿಕ್ಕ ಖಾತೆ ಇದೆ. ಅದರ ಕಾರ್ಡು, ಪಿನ್ ಅವರದೇ, ಯುಪಿಐ ಮಿತಿಯನ್ನು ಅವರೇ ಇಳಿಸಿಕೊಂಡಿದ್ದಾರೆ. ಎರಡು ರಾತ್ರಿ ಸರಿಯಾಗಿ ನಿದ್ದೆ ಬರದಿದ್ದರೆ ದೊಡ್ಡ ಖರೀದಿ ಯಾವುದಿದ್ದರೂ ವೈದ್ಯರನ್ನು ಕಂಡ ಮೇಲೆಯೇ ಎಂದು ತಮ್ಮ ಕೈಬರಹದಲ್ಲೇ ಬರೆದು ದೇವರ ಕೋಣೆಯ ಗೂಡಿನಲ್ಲಿ ಇಟ್ಟಿದ್ದಾರೆ. ನಿದ್ದೆ ಕೆಡುವುದು ಉನ್ಮಾದದ ಮುನ್ಸೂಚನೆ ಎಂಬುದನ್ನು ಮನೆಮಂದಿಯೆಲ್ಲ ತಿಳಿದಿರಬೇಕು.

ತಿಂಗಳ ಮೊದಲ ಭಾನುವಾರ ಉದ್ದನೆಯ ಕೆಂಪು ರಟ್ಟಿನ ಪುಸ್ತಕ ಹೊರಬರುತ್ತದೆ. ಮಂಡಿಯ ಅಭ್ಯಾಸದಂತೆ ಜಮೆ ಒಂದು ಕಡೆ, ಖರ್ಚು ಒಂದು ಕಡೆ. ಕಾಯಿಲೆಗೆ ತೆಗೆದುಕೊಳ್ಳುವ ಲಿಥಿಯಂ ಮಾತ್ರೆಯಿಂದ ಬರುವ ಸಣ್ಣ ನಡುಕ ಅವರ ಅಕ್ಷರದಲ್ಲಿ ಕಾಣುತ್ತದೆ, ಆದರೆ ಕೂಡಿಸಿದ ಮೊತ್ತ ತಪ್ಪುವುದಿಲ್ಲ. ಖಿನ್ನತೆಯ ದಿನಗಳಲ್ಲಿ ನಾನು ಬರೆಯುತ್ತೇನೆ, ಅವರು ಕಣ್ಣಾಡಿಸಿ ಸಹಿ ಹಾಕುತ್ತಾರೆ. ಯಾವ ಪೈಸೆ ಎಲ್ಲಿ ಹೋಯಿತೆಂದು ಕೇಳುವ ಹಕ್ಕು ಅವರಿಗಿದೆ, ನನಗೆ ಉತ್ತರಿಸುವ ಬಾಧ್ಯತೆ ಇದೆ. ತಂದೆ ತಾಯಿಯ ಹಣವನ್ನು ನಿಭಾಯಿಸುವ ಮಕ್ಕಳು ಲೆಕ್ಕ ಇಡಲೇಬೇಕು ಎಂದು ನಾನು ಖಂಡಿತವಾಗಿ ನಂಬಿದ್ದೇನೆ. ಅಣ್ಣತಮ್ಮಂದಿರ ನಡುವೆ ನಾಳೆ ಏಳಬಹುದಾದ ಮಾತಿಗೂ ಅದೇ ಉತ್ತರ.

ಆದಾಯದ ವಿಷಯಕ್ಕೆ ಬರೋಣ. ದಲ್ಲಾಳಿ ಅಂಗಡಿಯಲ್ಲಿ ಇಎಸ್‌ಐ (ಕಾರ್ಮಿಕರ ರಾಜ್ಯ ವಿಮೆ) ಇರಲಿಲ್ಲ, ಸಾಹುಕಾರರು ಕೊಟ್ಟಷ್ಟೇ ಬಂತು. ಆದರೆ ಇಎಸ್‌ಐ ಇರುವ ಕಾರ್ಮಿಕರಿಗೆ, ಎರಡು ವರ್ಷ ವಿಮೆಯಲ್ಲಿದ್ದು ಕಂತಿನ ನಿಯಮ ಪೂರೈಸಿದ್ದರೆ, ತೀವ್ರ ಮನೋರೋಗಕ್ಕೂ ವಿಸ್ತೃತ ಅನಾರೋಗ್ಯ ಭತ್ಯೆ ಇದೆ. ಕೂಲಿಯ ಶೇ 80ರಷ್ಟು, ಗರಿಷ್ಠ ಎರಡು ವರ್ಷದವರೆಗೆ. ಸರ್ಕಾರಿ ನೌಕರರಿಗೆ ಇನ್ನೂ ಗಟ್ಟಿ ರಕ್ಷಣೆ ಇದೆ. ಸೇವೆಯಲ್ಲಿದ್ದಾಗ ಅಂಗವೈಕಲ್ಯ ಬಂದರೆ ಕೆಲಸದಿಂದ ತೆಗೆಯುವಂತಿಲ್ಲ, ಹಿಂಬಡ್ತಿ ಕೊಡುವಂತಿಲ್ಲ, ಆ ಹುದ್ದೆ ಆಗದಿದ್ದರೆ ಅದೇ ವೇತನದ ಬೇರೆ ಹುದ್ದೆ ಕೊಡಬೇಕು ಎನ್ನುತ್ತದೆ 2016ರ ಕಾಯ್ದೆಯ 20ನೇ ಸೆಕ್ಷನ್. ಆದ್ದರಿಂದ ಕಾಯಿಲೆ ಜೋರಾಗಿರುವಾಗ ಯಾರೂ ರಾಜೀನಾಮೆ ಬರೆಯಬೇಡಿ, ಮನೆಯವರು ಬರೆಯಲು ಬಿಡಬೇಡಿ.

ಇದ್ಯಾವುದೂ ಇಲ್ಲದವರಿಗೆ ಉಳಿಯುವುದು ಅಂಗವಿಕಲರ ಮಾಸಾಶನ. ಮಾನಸಿಕ ಕಾಯಿಲೆಯೂ 2016ರ ಕಾಯ್ದೆಯ 21 ಬಗೆಯ ಅಂಗವೈಕಲ್ಯಗಳಲ್ಲಿ ಒಂದು ಎಂಬುದೇ ಅನೇಕರಿಗೆ ಗೊತ್ತಿಲ್ಲ. ಅಂಗವಿಕಲರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡಿಗೆ ಅರ್ಜಿ ಹಾಕಿದರೆ ಸ್ವಂತ ಆರೈಕೆ, ಜನರೊಂದಿಗಿನ ಒಡನಾಟ, ಮಾತುಕತೆ, ಕೆಲಸ ಇವುಗಳನ್ನು ನೋಡಿ ಶೇಕಡಾವಾರು ನಿಗದಿ ಮಾಡುತ್ತಾರೆ. ಕಾಯಿಲೆ ಇಳಿದ ದಿನ ಹೋದರೆ ‘ಚೆನ್ನಾಗಿಯೇ ಇದ್ದಾರಲ್ಲ’ ಎನಿಸಬಹುದು. ಹೋದ ಒಂದೆರಡು ವರ್ಷಗಳ ಚೀಟಿಗಳನ್ನೆಲ್ಲ ತೆಗೆದುಕೊಂಡು ಹೋಗಿ, ಜೊತೆಯಲ್ಲಿ ಬಾಳುವವರೇ ಮಾತನಾಡಬೇಕು. ಪ್ರಮಾಣ ಪತ್ರ ಕೈಗೆ ಬಂದ ಮೇಲೆ ನಾಡಕಚೇರಿಯಲ್ಲಿ ಮಾಸಾಶನಕ್ಕೆ ಅರ್ಜಿ ಹಾಕಬಹುದು. ಹಳ್ಳಿಯವರಿಗೆ ಗ್ರಾಮ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ನೆರವಾಗುತ್ತಾರೆ. ಸಿಗುವ ಮೊತ್ತ ಒಂದು ಸಂಸಾರಕ್ಕೆ ಸಾಲುವುದಿಲ್ಲ, ನಿಜ. ಆದರೆ ಅದು ಅವರ ಹೆಸರಿಗೆ, ಅವರ ಖಾತೆಗೆ ಬರುವ ಹಣ. ದುಡಿಮೆ ನಿಂತ ಮನುಷ್ಯನಿಗೆ ಅದರ ತೂಕವೇ ಬೇರೆ.

ಜಿಲ್ಲಾಡಳಿತಕ್ಕೆ ನನ್ನ ಬಿನ್ನಹವಿಷ್ಟು. ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯಲ್ಲಿ ಬ್ಯಾಂಕರುಗಳ ಸಭೆ ನಡೆಯುತ್ತಲೇ ಇರುತ್ತದೆ. ಸಾಲದ ಗುರಿ, ಬೆಳೆ ವಿಮೆಯ ಜೊತೆ ಈ ವಿಷಯವನ್ನೂ ಒಮ್ಮೆ ಕೈಗೆತ್ತಿಕೊಂಡು, ಮಾನಸಿಕ ಕಾಯಿಲೆ ಇರುವ ಖಾತೆದಾರರು ಎದುರಿಗೆ ಬಂದಾಗ ಏನು ಕೇಳಬಹುದು, ಏನು ಕೇಳಬಾರದು ಎಂದು ಜಿಲ್ಲೆಯ ಬ್ಯಾಂಕುಗಳ ಸಮನ್ವಯ ನೋಡಿಕೊಳ್ಳುವ ಲೀಡ್ ಬ್ಯಾಂಕ್ ಮೂಲಕ ಪ್ರತಿ ಶಾಖೆಗೂ ಕನ್ನಡದಲ್ಲಿ ಒಂದು ಪುಟದ ಸೂಚನೆ ಕಳುಹಿಸಲಿ. ರಾಜ್ಯ ಸರ್ಕಾರದ ಮನೋಚೈತನ್ಯ ಕಾರ್ಯಕ್ರಮದಡಿ ಮಂಗಳವಾರ ತಾಲ್ಲೂಕು ಆಸ್ಪತ್ರೆಗಳಲ್ಲಿ ಮನೋವೈದ್ಯರು ರೋಗಿಗಳನ್ನು ನೋಡುತ್ತಾರೆ. ಜಗಳೂರಿನಿಂದಲೋ ಚನ್ನಗಿರಿಯಿಂದಲೋ ಒಂದು ದಿನದ ಕೂಲಿ ಬಿಟ್ಟು ಬಂದವರನ್ನು ಯುಡಿಐಡಿಗೆ ಇನ್ನೊಂದು ದಿನ, ಮಾಸಾಶನಕ್ಕೆ ಮತ್ತೊಂದು ದಿನ ಎಂದು ಅಲೆಸುವ ಬದಲು, ಅದೇ ದಿನ ಅದೇ ಆವರಣದಲ್ಲಿ ಅಂಗವಿಕಲರ ಇಲಾಖೆಯವರೊಬ್ಬರು, ಕಾನೂನು ಸೇವಾ ಪ್ರಾಧಿಕಾರದ ವಕೀಲರೊಬ್ಬರು ಒಂದು ಮೇಜು ಹಾಕಿಕೊಂಡು ಕುಳಿತರೆ ಸಾಕು. ಅಂಗವಿಕಲರಿಗೆ ಉಚಿತ ಕಾನೂನು ನೆರವು 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯೇ ಕೊಟ್ಟ ಹಕ್ಕು.

ಅಲ್ಲಿಯವರೆಗೆ ಓದುಗರು ಮೂರು ಸಂಖ್ಯೆಗಳನ್ನು ಬರೆದಿಟ್ಟುಕೊಳ್ಳಲಿ. ಕಾನೂನು ನೆರವಿಗೆ 15100, ಬ್ಯಾಂಕ್ ಮೇಲಿನ ದೂರಿನ ಬಗ್ಗೆ ಕೇಳಲು ರಿಸರ್ವ್ ಬ್ಯಾಂಕಿನ 14448, ಮನಸ್ಸಿನ ಸಂಕಟಕ್ಕೆ ಹಗಲಿರುಳೂ ಸಿಗುವ ಟೆಲಿ ಮಾನಸ್ 14416. ಬ್ಯಾಂಕಿನಲ್ಲಿ ಅರ್ಜಿ ಕೊಟ್ಟಾಗ ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳುವುದನ್ನು, ನಿರಾಕರಿಸಿದರೆ ಕಾರಣವನ್ನು ಬರಹದಲ್ಲೇ ಕೇಳುವುದನ್ನು ಮರೆಯಬೇಡಿ. 14448ಕ್ಕೆ ಕರೆ ಮಾಡುವ ಮೊದಲು ಆ ಕಾಗದ ಕೈಯಲ್ಲಿರಬೇಕು.

– ಒಬ್ಬ ಮಗಳು, ದಾವಣಗೆರೆ
(ತಂದೆಯವರು ಓದಿ ಒಪ್ಪಿದ ಮೇಲೆಯೇ ಈ ಪತ್ರ ಕಳುಹಿಸಿದ್ದೇನೆ. ಹೆಸರು, ವಿಳಾಸ ಪತ್ರಿಕೆಯ ಬಳಿ ಇವೆ, ದಯವಿಟ್ಟು ಪ್ರಕಟಿಸಬೇಡಿ.)